ರಿಪೀಟರ್ ಡಿಜಿಟಲ್ ಮಾಡುವ ಮುಂಚೆ ಕೈಯಲ್ಲಿರುವ ಹ್ಯಾಂಡಿ ನೋಡಿ

ಹ್ಯಾಮ್ (ಹವ್ಯಾಸಿ ರೇಡಿಯೊ) ಕ್ಲಬ್‌ಗಳಿಗೆ ರಿಪೀಟರ್ ಕೂರಿಸಿಕೊಡುವುದು ನನ್ನ ಕೆಲಸ. ರಿಪೀಟರ್ ಅಂದರೆ ಎತ್ತರದಲ್ಲಿ ನಿಂತು ಸಣ್ಣ ಸೆಟ್‌ಗಳ ಮಾತನ್ನು ಹಿಡಿದು ಮತ್ತೆ ದೂರಕ್ಕೆ ಕಳಿಸುವ ಯಂತ್ರ. ಈಗೀಗ ಎಲ್ಲ ಕಡೆ ಒಂದೇ ಪ್ರಶ್ನೆ. "ಸರ್, ಡಿಜಿಟಲ್ ಮಾಡೋಣ ಅಂತಿದ್ದೀವಿ, ಡಿಎಂಆರ್ ಹಾಕೋದಾ, ಫ್ಯೂಷನ್ ಹಾಕೋದಾ, ಡಿ-ಸ್ಟಾರ್ ಹಾಕೋದಾ?" ಮೂರೂ ಮಾತನ್ನು ಡಿಜಿಟಲ್ ಆಗಿ ಕಳಿಸುವ ಬೇರೆ ಬೇರೆ ಪದ್ಧತಿಗಳು. ನಾನು ತಿರುಗಿ ಕೇಳುತ್ತೇನೆ: ನಿಮ್ಮ ಸಂಜೆ ನೆಟ್‌ಗೆ (ಎಲ್ಲರೂ ರೇಡಿಯೊದಲ್ಲಿ ಸೇರಿ ಮಾತಾಡುವ ಕೂಟಕ್ಕೆ) ಬರುವವರ ಕೈಯಲ್ಲಿ ಯಾವ ಹ್ಯಾಂಡಿ, ಅಂದರೆ ಕೈಯಲ್ಲಿ ಹಿಡಿಯುವ ಸೆಟ್, ಇದೆ?

ಒಮ್ಮೆ ಇದನ್ನು ಕೇಳದೆ ಕೆಲಸ ಶುರು ಮಾಡಿದ್ದೆ. ಗುಡ್ಡದ ಮೇಲೆ ಚೆನ್ನಾಗಿ ನಡೆಯುತ್ತಿದ್ದ ಎಫ್‌ಎಂ (ಡಿಜಿಟಲ್ ಅಲ್ಲದ, ಹಳೇ ರೀತಿಯ) ರಿಪೀಟರ್ ಇಳಿಸಿ ಪೂರ್ತಿ ಡಿಜಿಟಲ್ ಕೂರಿಸಿದೆವು. ಹೊಸ ಸೆಟ್ ಕೊಂಡಿದ್ದು ನಾಲ್ಕೈದು ಜನ. ಉಳಿದವರಲ್ಲಿ ಎಷ್ಟೋ ವರ್ಷದಿಂದ ದಿನಾ ನೆಟ್‌ಗೆ ಬರುತ್ತಿದ್ದ ಹಿರಿಯರೂ ಇದ್ದರು, ಅವರ ದನಿಯೇ ನಿಂತುಹೋಯಿತು. ಅದು ನನಗೆ ಇವತ್ತಿಗೂ ನೋವು. ಮಳೆಗಾಲದ ಹೊತ್ತಿಗೆ ಹಳೆಯದನ್ನೇ ಮತ್ತೆ ಹತ್ತಿಸಿದೆವು.

ಮೂರೂ ಒಳ್ಳೆಯವೇ, ಆದರೆ ಹುಟ್ಟಿದ ಜಾಗ ಬೇರೆ ಬೇರೆ. ಡಿ-ಸ್ಟಾರ್ ಜಪಾನಿನ ಹ್ಯಾಮ್ ಸಂಸ್ಥೆ ಜೆಎಆರ್‌ಎಲ್ ಮುಂದೆ ನಿಂತು ಮಾಡಿಸಿದ್ದು. 6.25 ಕಿಲೋಹರ್ಟ್ಸ್ ಜಾಗ ಸಾಕು, ಮಾತಿನ ಜೊತೆ ನಿಮ್ಮ ಕಾಲ್‌ಸೈನೂ (ಹ್ಯಾಮ್‌ನ ಗುರುತಿನ ಹೆಸರು) ಹೋಗುತ್ತದೆ. ಆದರೆ ಸೆಟ್‌ಗಳು ಹೆಚ್ಚಾಗಿ ಐಕಾಮ್ ಕಂಪನಿಯವೇ, ಬೆಲೆ ಜಾಸ್ತಿ.

ಡಿಎಂಆರ್ ಬಂದಿದ್ದು ಕಂಪನಿ, ಸೆಕ್ಯುರಿಟಿಯವರು ಬಳಸುವ ವಾಕಿಟಾಕಿ ಲೋಕದಿಂದ. ಯುರೋಪಿನ ದೂರಸಂಪರ್ಕ ಮಾನದಂಡ ಸಂಸ್ಥೆ ಇಟಿಎಸ್‌ಐ ರೂಪಿಸಿದ್ದು ಅದು. 12.5 ಕಿಲೋಹರ್ಟ್ಸ್ ಚಾನೆಲ್ಲನ್ನು 30 ಮಿಲಿಸೆಕೆಂಡಿನ ಎರಡು ಸ್ಲಾಟ್ ಮಾಡಿ ಸರದಿಯಲ್ಲಿ ಕಳಿಸುತ್ತದೆ, ಹಾಗಾಗಿ ಒಂದೇ ರಿಪೀಟರ್, ಒಂದೇ ಆಂಟೆನಾ, ಒಂದೇ ಡ್ಯೂಪ್ಲೆಕ್ಸರ್‌ನಲ್ಲಿ (ಒಂದೇ ಆಂಟೆನಾದಲ್ಲಿ ಕಳಿಸುವುದನ್ನೂ ಹಿಡಿಯುವುದನ್ನೂ ಬೇರೆ ಇಡುವ ಫಿಲ್ಟರ್) ಎರಡು ಮಾತುಕತೆ ಒಟ್ಟಿಗೆ ನಡೆಯುತ್ತವೆ. ಹ್ಯಾಂಡಿ ಅರ್ಧ ಹೊತ್ತು ಮಾತ್ರ ಟ್ರಾನ್ಸ್‌ಮಿಟ್ ಮಾಡುವುದರಿಂದ ಬ್ಯಾಟರಿಯೂ ಬಾಳುತ್ತದೆ. ಸೆಟ್ ಅಗ್ಗಕ್ಕೆ ಸಿಗುತ್ತದೆ. ಕಷ್ಟ ಇರುವುದು ಪ್ರೋಗ್ರಾಮಿಂಗ್‌ನಲ್ಲಿ. ಟಾಕ್‌ಗ್ರೂಪ್ (ಮಾತಿನ ಗುಂಪಿನ ಸಂಖ್ಯೆ), ಕಲರ್ ಕೋಡ್ (ರಿಪೀಟರ್ ಗುರುತಿನ ಸಂಖ್ಯೆ), ಸ್ಲಾಟ್ ಎಲ್ಲ ಸೇರಿದ ಕೋಡ್‌ಪ್ಲಗ್ ಎಂಬ ಸೆಟ್ಟಿಂಗ್ ಫೈಲನ್ನು ಕಂಪ್ಯೂಟರ್‌ನಲ್ಲಿ ಮಾಡಿಕೊಳ್ಳಬೇಕು. ಕ್ಲಬ್‌ನಲ್ಲಿ ಒಬ್ಬರು ಕೂತು ಎಲ್ಲರ ಸೆಟ್‌ಗೂ ತುಂಬಿಕೊಡಲು ಸಿದ್ಧರಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಈ ಸೆಟ್‌ಗಳಲ್ಲಿ ಎನ್‌ಕ್ರಿಪ್ಷನ್ ಇರುತ್ತದೆ, ಹ್ಯಾಮ್ ಬ್ಯಾಂಡ್‌ನಲ್ಲಿ ಅದು ಸಲ್ಲದು, ಮೊದಲೇ ಆಫ್ ಮಾಡಿಸಿ.

ಯಾಯೆಸು (Yaesu) ಕಂಪನಿಯ ಫ್ಯೂಷನ್‌ನಲ್ಲಿ ನನಗೆ ಇಷ್ಟವಾಗುವುದು ಒಂದೇ ಗುಣ. ಅದರ ರಿಪೀಟರ್‌ಗೆ ಎಫ್‌ಎಂ ಬಂದರೂ ಆಗುತ್ತದೆ, ಡಿಜಿಟಲ್ ಬಂದರೂ ಆಗುತ್ತದೆ. ಬಂದದ್ದನ್ನು ಹಾಗೇ ಕಳಿಸಬಹುದು, ಇಲ್ಲವೇ ಎಲ್ಲವನ್ನೂ ಎಫ್‌ಎಂ ಆಗಿಯೇ ಕಳಿಸುವಂತೆ ಇಡಬಹುದು. ಎರಡನೆಯ ರೀತಿ ಇಟ್ಟರೆ ಹಳೇ ಸೆಟ್‌ನವರು ಯಾರೂ ಹೊರಗುಳಿಯುವುದಿಲ್ಲ. ಮೊದಲನೆಯ ರೀತಿಯೇ ಬೇಕೆಂದರೆ ಎಫ್‌ಎಂ ಬಳಸುವವರಿಗೆ ಟೋನ್ ಸ್ಕ್ವೆಲ್ಚ್ (ಗೊತ್ತಾದ ಟೋನ್ ಬಂದಾಗ ಮಾತ್ರ ಸ್ಪೀಕರ್ ತೆರೆಯುವ ಸೆಟ್ಟಿಂಗ್) ಹಾಕಿಕೊಳ್ಳಲು ಹೇಳಿ, ಇಲ್ಲದಿದ್ದರೆ ಯಾರಾದರೂ ಡಿಜಿಟಲ್‌ನಲ್ಲಿ ಮಾತಾಡಿದಾಗಲೆಲ್ಲ ಕಿವಿಗೆ ಗರ್ ಅನ್ನುವ ಸದ್ದು.

ಇನ್ನೊಂದು ದಾರಿ ಎಂಎಂಡಿವಿಎಂ ಮೋಡೆಮ್. ಎರಡು ರೇಡಿಯೊ, ಒಂದು ಬೋರ್ಡು, ಒಂದು ರಾಸ್ಪ್‌ಬೆರಿ ಪೈ (ಪುಟ್ಟ ಕಂಪ್ಯೂಟರ್) ಸೇರಿಸಿದರೆ ಈ ಮೂರೂ ಮೋಡ್ ನಡೆಯುತ್ತವೆ, ಒಂದು ಹೊತ್ತಿಗೆ ಒಂದು. ಖರ್ಚು ಕಡಿಮೆ, ಕಲಿಯುವುದು ಬಹಳ. ಆದರೆ ಮೂರು ಮೋಡ್ ಇದ್ದ ಮಾತ್ರಕ್ಕೆ ಮೂವರೂ ಒಬ್ಬರಿಗೊಬ್ಬರು ಮಾತಾಡಬಹುದು ಅಂದುಕೊಳ್ಳಬೇಡಿ. ಡಿಎಂಆರ್ ಮತ್ತು ಫ್ಯೂಷನ್‌ನ ಮಾಮೂಲಿ ಡಿಎನ್ ಮೋಡ್ ಒಂದೇ ಜಾತಿಯ ಕೋಡೆಕ್ (ದನಿಯನ್ನು ಡಿಜಿಟಲ್ ಮಾಡುವ ವಿಧಾನ) ಬಳಸುತ್ತವೆ, ಅವೆರಡನ್ನು ಸಾಫ್ಟ್‌ವೇರ್‌ನಲ್ಲೇ ಜೋಡಿಸಬಹುದು. ಡಿ-ಸ್ಟಾರ್‌ನದು ಹಳೆಯ ಕೋಡೆಕ್, ಅದನ್ನು ಸೇರಿಸಬೇಕಾದರೆ ಸಾಮಾನ್ಯವಾಗಿ ಬೇರೆ ಚಿಪ್ ಬೇಕು. ಪೈಗೆ ಬ್ಯಾಟರಿ ಬ್ಯಾಕಪ್ ಕೊಡಲೇಬೇಕು. ಕರೆಂಟ್ ಹೋಗಿ ಬಂದು ಮೆಮೊರಿ ಕಾರ್ಡ್ ಕೆಟ್ಟರೆ ಅದೊಂದಕ್ಕೇ ಗುಡ್ಡ ಹತ್ತಬೇಕಾಗುತ್ತದೆ.

ಯುಹೆಚ್‌ಎಫ್‌ನಲ್ಲಿ ಹಾಕುವವರು ಒಂದು ಲೆಕ್ಕ ಮರೆಯಬೇಡಿ. ನಮ್ಮಲ್ಲಿ ಹ್ಯಾಮ್‌ಗಳಿಗೆ ಸಿಕ್ಕಿರುವುದು 434ರಿಂದ 438 ಮೆಗಾಹರ್ಟ್ಸ್, ಬರೀ 4 ಮೆಗಾಹರ್ಟ್ಸ್ ಅಗಲ. ಅಮೆರಿಕದವರಿಗೆಂದು 5 ಮೆಗಾಹರ್ಟ್ಸ್ ಆಫ್‌ಸೆಟ್ (ರಿಪೀಟರ್ ಹಿಡಿಯುವ ಮತ್ತು ಕಳಿಸುವ ಫ್ರೀಕ್ವೆನ್ಸಿಗಳ ಅಂತರ) ಇಟ್ಟು ಬಂದ ಸೆಟ್ಟನ್ನು ಹಾಗೇ ಬಳಸಿದರೆ ಬ್ಯಾಂಡ್ ಆಚೆ ಹೋಗುತ್ತೀರಿ. ಡ್ಯೂಪ್ಲೆಕ್ಸರ್ ಆರ್ಡರ್ ಕೊಡುವಾಗಲೂ ಇದನ್ನೇ ನೋಡಿ.

ಮಲೆನಾಡಿನ ಕಣಿವೆಯವರಿಗೆ ಇನ್ನೊಂದು ಮಾತು. ಎಫ್‌ಎಂ ಸಿಗ್ನಲ್ ಕ್ಷೀಣವಾದಾಗ ಸುಯ್ ಅನ್ನುವ ಸದ್ದಿನ ನಡುವೆಯೂ ಕಿವಿಗೊಟ್ಟರೆ ಊರಿನ ಹೆಸರು, ಜನರ ಲೆಕ್ಕ ಹಿಡಿಯಬಹುದು. ಡಿಜಿಟಲ್ ಕೊನೆಯವರೆಗೂ ಸ್ವಚ್ಛವಾಗಿರುತ್ತದೆ, ಆಮೇಲೆ ಗುಳುಗುಳು ಅಂದು ಒಮ್ಮೆಲೇ ನಿಂತುಬಿಡುತ್ತದೆ. ಗುಡ್ಡ ಕುಸಿದ ಊರಿನಿಂದ ಯಾರೋ ಕರೆಯುತ್ತಿರುವಾಗ ಈ ವ್ಯತ್ಯಾಸ ಸಣ್ಣದಲ್ಲ ಅಲ್ವಾ? ಅಂಥ ಹೊತ್ತಲ್ಲಿ ಇಂಟರ್ನೆಟ್ಟೂ ಇರುವುದಿಲ್ಲ, ಡಿಜಿಟಲ್ ರಿಪೀಟರ್ ದೂರದೂರಿಗೆ ಕೊಡುವ ಕೊಂಡಿಯೂ ಕಡಿದಿರುತ್ತದೆ.

ಆದ್ದರಿಂದ ನಾನು ಹೇಳುವುದು ಇಷ್ಟು. 144–146 ಮೆಗಾಹರ್ಟ್ಸ್‌ನಲ್ಲಿರುವ ಎಫ್‌ಎಂ ನಿಲ್ಲಿಸಬೇಡಿ. ದುಡ್ಡು ಇದ್ದರೆ ಯುಹೆಚ್‌ಎಫ್‌ನಲ್ಲಿ ಬೇರೆಯಾಗಿ ಡಿಎಂಆರ್ ಹಾಕಿ, ಒಂದೇ ರಿಪೀಟರ್‌ಗೆ ಅನುಮತಿಯೂ ಜಾಗವೂ ಇದ್ದರೆ ಎಫ್‌ಎಂ ಬಿಡದ ಫ್ಯೂಷನ್ ತೆಗೆದುಕೊಳ್ಳಿ. ಯಾವುದೇ ಆಗಲಿ, ಹಣ ಕೊಡುವ ಮುಂಚೆ ಒಂದು ಭಾನುವಾರ ಯಾರಿಂದಲಾದರೂ ಎರಡು ಸೆಟ್ ಎರವಲು ತಂದು, ಒಬ್ಬರು ಗುಡ್ಡದ ಮೇಲೆ ನಿಂತು, ಇನ್ನೊಬ್ಬರು ನಿಮ್ಮ ಅತಿ ದೂರದ ಸದಸ್ಯರ ಮನೆ ಅಂಗಳದಿಂದ ಎಫ್‌ಎಂ ಮತ್ತು ಡಿಜಿಟಲ್ ಎರಡರಲ್ಲೂ ಮಾತಾಡಿ ನೋಡಿ.