ಸಿಂಗಾಪುರದ ಎಚ್‌ಡಿಬಿ ಬಾಡಿಗೆ ಮನೆ: ಅವಧಿ ಮುಗಿಯುವ ಮುಂಚೆ ಬಿಡಬೇಕಾಗಿ ಬಂದರೆ

"ಒಂದು ತಿಂಗಳ ನೋಟಿಸ್ ಕೊಟ್ಟರೆ ಸಾಕಲ್ವಾ ಸರ್?"

ಸಿಂಗಾಪುರದಲ್ಲಿ ಬಾಡಿಗೆ ಮನೆ ಕುದುರಿಸಿಕೊಡುವ ಏಜೆಂಟ್ ಕೆಲಸದಲ್ಲಿ ನನಗೆ ಪದೇ ಪದೇ ಎದುರಾಗುವ ಪ್ರಶ್ನೆ ಇದು. ಕೇಳುವವರು ಹೆಚ್ಚಾಗಿ ಬೆಂಗಳೂರಿನಿಂದ ಬಂದವರು. ಅಲ್ಲಿ ಹನ್ನೊಂದು ತಿಂಗಳ ಅಗ್ರಿಮೆಂಟ್, ಒಂದೋ ಎರಡೋ ತಿಂಗಳ ನೋಟಿಸ್, ಅಡ್ವಾನ್ಸ್‌ನಲ್ಲಿ ಪೇಂಟಿಂಗ್ ದುಡ್ಡು ಹಿಡಿದುಕೊಂಡು ಮಿಕ್ಕಿದ್ದು ವಾಪಸ್. ಜಗಳ ಆದರೂ ಆಗುವುದು ಆ ಪೇಂಟಿಂಗ್ ದುಡ್ಡಿಗೆ, ಮನೆ ಬಿಟ್ಟಿದ್ದಕ್ಕಲ್ಲ.

ಇಲ್ಲಿ ಹಾಗಿಲ್ಲ. ಎರಡು ವರ್ಷಕ್ಕೆ ಸಹಿ ಹಾಕಿದರೆ ಎರಡು ವರ್ಷದ ಬಾಡಿಗೆಗೂ ಒಪ್ಪಿಕೊಂಡ ಹಾಗೆ. ನಡುವೆ ಬಿಡುವ ಹಕ್ಕು ಅಗ್ರಿಮೆಂಟಿನಲ್ಲಿ ಬರೆದಿದ್ದರೆ ಇದೆ, ಬರೆದಿಲ್ಲ ಅಂದರೆ ಇಲ್ಲ. ಸುಮ್ನೆ ನೋಟಿಸ್ ಕೊಟ್ಟ ಮಾತ್ರಕ್ಕೆ ಹೊಣೆ ತಪ್ಪುವುದಿಲ್ಲ.

ಇನ್ನೊಂದು ತಪ್ಪು ತಿಳಿವಳಿಕೆಯೂ ಇದೆ. "ಎಚ್‌ಡಿಬಿ ಅಂದರೆ ಸರ್ಕಾರದ ಮನೆ, ಏನಾದರೂ ಆದರೆ ಸರ್ಕಾರ ನೋಡಿಕೊಳ್ಳುತ್ತೆ" ಅಂತ. 1960ರಲ್ಲಿ ಶುರುವಾದ ಈ ಹೌಸಿಂಗ್ ಬೋರ್ಡ್ ಕಟ್ಟಿದ ಮನೆಗಳಲ್ಲೇ ಇಲ್ಲಿನ ನಿವಾಸಿಗಳಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಜನ ಇದ್ದಾರೆ, ನಿಜ. ಬಡ ಕುಟುಂಬಗಳಿಗೆ ಬೋರ್ಡು ತಾನೇ ಕಡಿಮೆ ಬಾಡಿಗೆಗೆ ಕೊಡುವ ಒಂದು ರೂಮು, ಎರಡು ರೂಮಿನ ಮನೆಗಳೂ ಇವೆ, ಆದರೆ ಅವು ಇಲ್ಲಿನ ಪ್ರಜೆಗಳಿಗೆ. ಕೆಲಸಕ್ಕೆಂದು ಬಂದ ನಾವು ಸೆಂಗ್‌ಕಾಂಗ್, ಪುಂಗೋಲ್, ಟ್ಯಾಂಪಿನೀಸ್ ಕಡೆ ಇರುವುದು ಖಾಸಗಿ ಓನರ್ ಒಬ್ಬರು ಬೋರ್ಡಿನಿಂದ ಕೊಂಡ ಮನೆಯಲ್ಲಿ. ಸಾಮಾನ್ಯವಾಗಿ ಐದು ವರ್ಷ ಅವರೇ ವಾಸ ಮಾಡಿ, ಆಮೇಲೆ ಬೋರ್ಡಿನ ಅನುಮತಿ ಪಡೆದು ಇಡೀ ಮನೆಯನ್ನು ಬಾಡಿಗೆಗೆ ಕೊಟ್ಟಿರುತ್ತಾರೆ. ಅನುಮತಿ, ಎಷ್ಟು ಜನ ಇರಬಹುದು, ಎಷ್ಟು ತಿಂಗಳಿಗೆ ಕೊಡಬಹುದು, ಇವು ಬೋರ್ಡಿನ ವಿಷಯ. ನೀವು ನಡುವೆ ಬಿಟ್ಟರೆ ಎಷ್ಟು ಕಟ್ಟಬೇಕು ಅನ್ನುವುದು ನಿಮ್ಮ ಮತ್ತು ಓನರ್ ನಡುವಿನ ಕರಾರು. ಅದರಲ್ಲಿ ಬೋರ್ಡು ಪಂಚಾಯ್ತಿ ಮಾಡುವುದಿಲ್ಲ.

ಹಾಗಾಗಿ ಮೊದಲು ಅಗ್ರಿಮೆಂಟ್ ತೆಗೆದು ಡಿಪ್ಲೊಮ್ಯಾಟಿಕ್ ಕ್ಲಾಸ್ (clause), ಅಂದರೆ ಅವಧಿಗೆ ಮುಂಚೆ ಬಿಡಲು ಅವಕಾಶ ಕೊಡುವ ಷರತ್ತು, ಇದೆಯಾ ನೋಡಿ.

ಎರಡು ವರ್ಷದ ಅಗ್ರಿಮೆಂಟಿನಲ್ಲಿ ಇದು ರೂಢಿಯಲ್ಲಿ ಇರುತ್ತದೆ, ಒಂದು ವರ್ಷದ್ದರಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಕೆಲಸ ಹೋದರೆ, ಕಂಪನಿ ಬೇರೆ ದೇಶಕ್ಕೆ ವರ್ಗ ಮಾಡಿದರೆ ಅಥವಾ ಪಾಸ್ (ಇಲ್ಲಿದ್ದು ಕೆಲಸ ಮಾಡಲು ಸರ್ಕಾರ ಕೊಡುವ ಪರವಾನಗಿ) ನವೀಕರಣ ಆಗದೆ ಸಿಂಗಾಪುರ ಬಿಡಬೇಕಾದರೆ, ಹನ್ನೆರಡು ತಿಂಗಳು ಮುಗಿದ ಮೇಲೆ ಎರಡು ತಿಂಗಳ ನೋಟಿಸ್ ಕೊಟ್ಟು ಬಿಡಬಹುದು ಅನ್ನುವುದು ಅದರ ಸಾಮಾನ್ಯ ರೂಪ. ಅಂದರೆ ಹನ್ನೆರಡಲ್ಲ, ಹದಿನಾಲ್ಕು ತಿಂಗಳ ಬಾಡಿಗೆ. ಇದನ್ನು ಎಷ್ಟೋ ಜನ ಗಮನಿಸಿರುವುದೇ ಇಲ್ಲ. ಹತ್ತನೇ ತಿಂಗಳ ಕೊನೆಗೇ ನೋಟಿಸ್ ಕೊಟ್ಟು ಹನ್ನೆರಡಕ್ಕೆ ಹೊರಡುತ್ತೇವೆ ಅಂತ ಲೆಕ್ಕ ಹಾಕಿಕೊಂಡಿರುತ್ತಾರೆ. ಕ್ಲಾಸಿನಲ್ಲಿ ನೋಟಿಸನ್ನು ಹನ್ನೆರಡು ತಿಂಗಳು ಮುಗಿದ ನಂತರವೇ ಕೊಡಬೇಕು ಅಂತ ಇದ್ದರೆ ಆ ಲೆಕ್ಕ ನಡೆಯುವುದಿಲ್ಲ. ಆ ಒಂದು ವಾಕ್ಯವನ್ನು ಬೆರಳಿಟ್ಟು ಓದಿ.

ಪುರಾವೆಯನ್ನೂ ಕೇಳುತ್ತಾರೆ. ಕಂಪನಿಯ ಪತ್ರ ಬೇಕು, ಅಥವಾ ಪಾಸ್ ರದ್ದಾದ ಕಾಗದ ಬೇಕು. ನೀವೇ ರಾಜೀನಾಮೆ ಕೊಟ್ಟು ಹೊರಟರೆ ಅನೇಕ ಅಗ್ರಿಮೆಂಟ್‌ಗಳಲ್ಲಿ ಈ ಕ್ಲಾಸ್ ಉಪಯೋಗಕ್ಕೆ ಬರುವುದಿಲ್ಲ. ಇಲ್ಲೇ ಬೇರೆ ಕಂಪನಿ ಸೇರಿದರೂ ಇಲ್ಲ. ಮಗುವಿನ ಸ್ಕೂಲ್ ದೂರ ಆಯಿತು ಅಂದರೂ ಇಲ್ಲ, ಸ್ವಂತ ಮನೆ ಕೊಂಡರೂ ಇಲ್ಲ. ಊರಲ್ಲಿ ಅಮ್ಮನಿಗೆ ಹುಷಾರಿಲ್ಲ, ನೋಡಿಕೊಳ್ಳುವವರು ಯಾರೂ ಇಲ್ಲ ಅಂತ ಹೊರಟವರನ್ನೂ ಇದು ಕಾಪಾಡುವುದಿಲ್ಲ. ಈ ಕೊನೆಯದ್ದನ್ನು ಹೇಳುವಾಗ ನನಗೆ ನಿಜಕ್ಕೂ ಸಂಕಟ ಆಗುತ್ತದೆ, ಯಾಕೆಂದರೆ ನಮ್ಮವರಲ್ಲಿ ತುಂಬಾ ಜನ ಹೊರಡುವುದು ಇದೇ ಕಾರಣಕ್ಕೆ. ಪಿಆರ್, ಅಂದರೆ ಇಲ್ಲಿನ ಕಾಯಂ ನಿವಾಸಿ, ಆಗಿದ್ದರೆ ಓನರ್‌ಗಳು ಈ ಕ್ಲಾಸ್ ಕೊಡಲಿಕ್ಕೇ ಹಿಂದೆಮುಂದೆ ನೋಡುತ್ತಾರೆ, ಪಾಸ್ ರದ್ದಾಗಿ ದೇಶ ಬಿಡಬೇಕಾದ ಪರಿಸ್ಥಿತಿ ನಿಮಗಿಲ್ಲವಲ್ಲ ಅನ್ನುವುದು ಅವರ ವಾದ.

ಕ್ಲಾಸ್ ಇದ್ದರೂ ಪೂರ್ತಿ ಪುಕ್ಕಟೆ ಅಲ್ಲ. ಅದರ ಪಕ್ಕದಲ್ಲೇ ಕಮಿಷನ್ ವಾಪಸಾತಿಯ ಷರತ್ತು ಇರುತ್ತದೆ. ಓನರ್ ತನ್ನ ಏಜೆಂಟ್‌ಗೆ ಎರಡು ವರ್ಷಕ್ಕೆಂದು ಕೊಟ್ಟ ಕಮಿಷನ್ನಿನಲ್ಲಿ ಉಳಿದ ತಿಂಗಳುಗಳ ಪಾಲನ್ನು ನೀವು ತುಂಬಿಕೊಡಬೇಕು. ಬಾಡಿಗೆ 3,000 ಡಾಲರ್, ಕಮಿಷನ್ ಒಂದು ತಿಂಗಳ ಬಾಡಿಗೆ ಅಂತಿಟ್ಟುಕೊಳ್ಳಿ. ಹದಿನಾರು ತಿಂಗಳಿಗೆ ಬಿಟ್ಟರೆ ಇಪ್ಪತ್ನಾಲ್ಕರಲ್ಲಿ ಎಂಟು ತಿಂಗಳು ಬಾಕಿ, ಅಂದರೆ 1,000 ಡಾಲರ್. ಈ ಮೊತ್ತ ಸಾಮಾನ್ಯವಾಗಿ ಡಿಪಾಸಿಟ್‌ನಲ್ಲೇ ಕಡಿತ ಆಗುತ್ತದೆ. ಕಟ್ಟಿದ ಸ್ಟ್ಯಾಂಪ್ ಡ್ಯೂಟಿಯೂ ವಾಪಸ್ ಬರುತ್ತೆ ಅಂತ ಇಟ್ಟುಕೊಳ್ಳಬೇಡಿ. ಒಟ್ಟು ಬಾಡಿಗೆಯ 0.4 ಶೇಕಡಾ ಅದು, ಈ ಲೆಕ್ಕದಲ್ಲಿ 288 ಡಾಲರ್.

ಈಗ ನಿಜವಾಗಿ ಜನ ಸಿಕ್ಕಿಹಾಕಿಕೊಳ್ಳುವ ಜಾಗಕ್ಕೆ ಬರುತ್ತೇನೆ. ಕೆಲಸ ಹೋದರೆ ಎಂಪ್ಲಾಯ್‌ಮೆಂಟ್ ಪಾಸ್ ರದ್ದಾಗುತ್ತದೆ, ಆಮೇಲೆ ಇರಲಿಕ್ಕೆ ಸಿಗುವುದು ಸಾಮಾನ್ಯವಾಗಿ 30 ದಿನದ ವಿಸಿಟ್ ಪಾಸ್. ನೋಟಿಸ್ ಎರಡು ತಿಂಗಳು. ಅಂದರೆ ನೀವಿಲ್ಲದ ಮನೆಗೆ ಒಂದು ತಿಂಗಳು ಬಾಡಿಗೆ ಕಟ್ಟಬೇಕು. ಅದೇ ಹೊತ್ತಿಗೆ ಐಆರ್21 ಅನ್ನುವ ತೆರಿಗೆ ವ್ಯವಸ್ಥೆ ಶುರುವಾಗುತ್ತದೆ. ವಿದೇಶಿ ಉದ್ಯೋಗಿ ಬಿಟ್ಟು ಹೋಗುವಾಗ ತೆರಿಗೆ ಚುಕ್ತಾ ಆಗುವ ತನಕ ಕಂಪನಿ ಅವರಿಗೆ ಕೊಡಬೇಕಾದ ದುಡ್ಡನ್ನೆಲ್ಲ ತಡೆದು ಇಟ್ಟುಕೊಳ್ಳಬೇಕು. ಕೊನೆಯ ಸಂಬಳ, ಉಳಿದ ರಜೆಯ ದುಡ್ಡು, ಬೋನಸ್ ಎಲ್ಲ ಅಲ್ಲಿ ನಿಂತಿರುತ್ತದೆ. ಎರಡು ತಿಂಗಳ ಬಾಡಿಗೆ, ಸಾಮಾನು ಸಾಗಿಸುವ ಖರ್ಚು, ನಾಲ್ಕು ಜನರ ವಿಮಾನದ ಟಿಕೆಟ್, ಎಲ್ಲಕ್ಕೂ ದುಡ್ಡು ಬೇಕಾದ ಅದೇ ವಾರಗಳಲ್ಲಿ ಕೈ ಖಾಲಿ. ಕಂಪನಿಯಲ್ಲಿ ಲೇ ಆಫ್ ಸುದ್ದಿ ಓಡಾಡಲು ಶುರುವಾದ ದಿನವೇ ಮೂರು ತಿಂಗಳ ಬಾಡಿಗೆಯಷ್ಟು ದುಡ್ಡನ್ನು ಬೇರೆ ಇಡಿ ಅಂತ ನಾನು ಹೇಳುವುದು ಇದಕ್ಕೇ.

ದುಡ್ಡಿಲ್ಲ ಅಂತ ಜನ ಮಾಡುವ ಮೊದಲ ಕೆಲಸ, ಕೊನೆಯ ಎರಡು ತಿಂಗಳ ಬಾಡಿಗೆ ನಿಲ್ಲಿಸಿ "ಡಿಪಾಸಿಟ್‌ನಲ್ಲಿ ಹಿಡ್ಕೊಳ್ಳಿ" ಅನ್ನುವುದು. ದಯವಿಟ್ಟು ಹೀಗೆ ಮಾಡಬೇಡಿ. ಹಾಗೆ ಹೊಂದಿಸಬಾರದು ಅಂತ ಬಹುತೇಕ ಎಲ್ಲ ಅಗ್ರಿಮೆಂಟಿನಲ್ಲೂ ಇರುತ್ತದೆ. ಅಲ್ಲಿಯವರೆಗೆ ಸರಿಯಾಗಿದ್ದ ಬಾಡಿಗೆದಾರ ಆ ಒಂದು ಮೆಸೇಜಿನಿಂದ ಕರಾರು ಮುರಿದವನಾಗುತ್ತಾನೆ, ಡಿಪ್ಲೊಮ್ಯಾಟಿಕ್ ಕ್ಲಾಸಿನ ಅನುಕೂಲವೂ ಕೈತಪ್ಪಬಹುದು. ಅದರ ಬದಲು ಓನರ್ ಹತ್ತಿರ ಕೂತು ಕೇಳಿ. ಬರವಣಿಗೆಯಲ್ಲಿ ಅವರು ಒಪ್ಪಿದರೆ ಹೊಂದಾಣಿಕೆಗೆ ಯಾವ ಅಡ್ಡಿಯೂ ಇಲ್ಲ.

ಕ್ಲಾಸೇ ಇಲ್ಲ, ಅಥವಾ ಹನ್ನೆರಡು ತಿಂಗಳು ಇನ್ನೂ ಆಗಿಲ್ಲ ಅಂದರೆ? ಆಗ ಉಳಿಯುವುದು ಮಾತುಕತೆ. ಮಾತಾಡುವ ಮುಂಚೆ ನಿಮ್ಮ ಲೆಕ್ಕ ನಿಮಗೆ ಗೊತ್ತಿರಲಿ. ಅದೇ 3,000 ಡಾಲರ್ ಮನೆ, ಹತ್ತು ತಿಂಗಳಿಗೆ ಬಿಡಬೇಕು. ಹದಿನಾಲ್ಕು ತಿಂಗಳು ಬಾಕಿ, 42,000 ಡಾಲರ್. ಈ ಅಂಕಿ ಕೇಳಿಯೇ ಜನ ಹೆದರಿ ರಾತ್ರೋರಾತ್ರಿ ಕೀ ಲೆಟರ್‌ಬಾಕ್ಸಿಗೆ ಹಾಕಿ ಹೋಗುವುದು. ಆದರೆ ಓನರ್‌ಗೆ ನಿಜವಾಗಿ ಆಗುವ ನಷ್ಟ ಅಷ್ಟಿಲ್ಲ. ಮನೆ ಒಂದೂವರೆ ತಿಂಗಳು ಖಾಲಿ ಇದ್ದು, ಆಮೇಲೆ 2,800ಕ್ಕೆ ಹೊಸಬರು ಬಂದರು ಅಂತಿಟ್ಟುಕೊಳ್ಳಿ. ಖಾಲಿ ಇದ್ದದ್ದಕ್ಕೆ 4,500, ತಿಂಗಳಿಗೆ 200ರಂತೆ ಹನ್ನೆರಡೂವರೆ ತಿಂಗಳಿಗೆ 2,500. ಒಟ್ಟು 7,000, ಜೊತೆಗೆ ಕಮಿಷನ್ ಪಾಲು. ನಿಮ್ಮ ಕರಾರು ಮುಗಿಯಿತು ಅಂತ ಒಪ್ಪಿಕೊಂಡು ಮನೆ ವಾಪಸ್ ಪಡೆದ ಓನರ್ ನಷ್ಟ ಕಡಿಮೆ ಮಾಡಲು ತಕ್ಕ ಪ್ರಯತ್ನ ಮಾಡಬೇಕು ಅನ್ನುವುದು ಇಲ್ಲಿನ ಕಾನೂನಿನ ತತ್ವ. ಹೊಸಬರಿಂದಲೂ ನಿಮ್ಮಿಂದಲೂ ಒಂದೇ ತಿಂಗಳಿಗೆ ಎರಡು ಪೂರ್ತಿ ಬಾಡಿಗೆ ವಸೂಲಿ ಮಾಡುವ ಹಾಗಿಲ್ಲ. ಆದರೆ ಅವರು ಒಪ್ಪದೆ "ನೀವೇ ಇರಿ, ಬಾಡಿಗೆ ಕಟ್ಟಿ" ಅಂತ ಪಟ್ಟು ಹಿಡಿದರೆ ವಿಷಯ ಬೇರೆ, ಮೊತ್ತ ದೊಡ್ಡದಿದ್ದರೆ ಆಗ ವಕೀಲರನ್ನು ಕಾಣುವುದೇ ಸರಿ.

ಹೆಚ್ಚಿನ ಓನರ್‌ಗಳು ಪಟ್ಟು ಹಿಡಿಯುವುದಿಲ್ಲ. ಅವರಲ್ಲಿ ತುಂಬಾ ಜನ ನಿವೃತ್ತರು, ಆ ಬಾಡಿಗೆಯೇ ಅವರಿಗೆ ಪಿಂಚಣಿ. ಅವರಿಗಿರುವ ಭಯ ಒಂದೇ, ಮನೆ ಖಾಲಿ ಬಿದ್ದರೆ ಏನು ಗತಿ ಅಂತ. ಆ ಭಯಕ್ಕೆ ನೀವೇ ಉತ್ತರ ತಂದರೆ, ಅಂದರೆ ಬದಲಿ ಬಾಡಿಗೆದಾರರನ್ನು ಹುಡುಕಿಕೊಟ್ಟರೆ, ಮಾತು ಬೇಗ ಮುಗಿಯುತ್ತದೆ.

ಆದರೆ ಇಲ್ಲಿ ಬೋರ್ಡಿನ ನಿಯಮ ಅಡ್ಡ ಬರುತ್ತದೆ. ಕನ್ನಡದ ವಾಟ್ಸಾಪ್ ಗುಂಪಿನಲ್ಲಿ "ನಾಲ್ಕು ತಿಂಗಳ ಮಟ್ಟಿಗೆ ಮನೆ ಇದೆ, ಬೇಕಾದವರು ಹೇಳಿ" ಅಂತ ಹಾಕಿ, ಯಾರಿಗೋ ಕೀ ಕೊಟ್ಟು ಹೋಗುವ ಹಾಗಿಲ್ಲ. ಬಾಡಿಗೆಗೆ ಪಡೆದ ಎಚ್‌ಡಿಬಿ ಮನೆಯನ್ನು ಮತ್ತೊಬ್ಬರಿಗೆ ಒಳಬಾಡಿಗೆಗೆ ಕೊಡುವುದು ನಿಷಿದ್ಧ. ಹೊಸಬರು ಓನರ್ ಜೊತೆಗೇ ಹೊಸ ಅಗ್ರಿಮೆಂಟ್ ಮಾಡಿಕೊಳ್ಳಬೇಕು, ಓನರ್ ಬೋರ್ಡಿನಿಂದ ಹೊಸದಾಗಿ ಅನುಮತಿ ಪಡೆಯಬೇಕು. ಕನಿಷ್ಠ ಅವಧಿ ಆರು ತಿಂಗಳು, ಹಾಗಾಗಿ ನಿಮಗೆ ಬಾಕಿ ಇರುವುದು ನಾಲ್ಕೇ ತಿಂಗಳಾದರೂ ಬರುವವರು ಆರು ತಿಂಗಳಿಗಾದರೂ ಒಪ್ಪಬೇಕು. ವಿದೇಶಿಯರ ಕೋಟಾ ಕೂಡ ಇದೆ. ಮಲೇಷ್ಯಾದವರನ್ನು ಬಿಟ್ಟು ಉಳಿದ ವಿದೇಶಿಯರಿಗೆ ಮತ್ತು ಪಿಆರ್‌ಗಳಿಗೆ ಇಡೀ ಮನೆ ಬಾಡಿಗೆಗೆ ಕೊಡುವುದು ಒಂದು ಬಡಾವಣೆಯಲ್ಲಿ 8 ಶೇಕಡಾ, ಒಂದು ಬ್ಲಾಕಿನಲ್ಲಿ 11 ಶೇಕಡಾ ಮೀರುವಂತಿಲ್ಲ. ನೀವು ಸೇರುವಾಗ ಜಾಗ ಇತ್ತು ಅಂದ ಮಾತ್ರಕ್ಕೆ ಈಗಲೂ ಇದೆ ಅಂತಲ್ಲ. ನಮ್ಮವರು ಜಾಸ್ತಿ ಇರುವ ಬ್ಲಾಕುಗಳಲ್ಲಿ ಮೊದಲು ಕೋಟಾ ನೋಡಲು ಓನರ್‌ಗೆ ಹೇಳಿ, ಆಮೇಲೆ ಜನರನ್ನು ಹುಡುಕಿ.

ಒಪ್ಪಂದ ಆಯಿತಾ, ಒಂದು ಹಾಳೆಯಲ್ಲಿ ಬರೆಸಿ. ಯಾವ ದಿನ ಮನೆ ಬಿಡುವುದು, ಎಷ್ಟು ದುಡ್ಡು, ಡಿಪಾಸಿಟ್‌ನಲ್ಲಿ ಎಷ್ಟು ಯಾವ ತಾರೀಖಿಗೆ ವಾಪಸ್, ಇದರ ಮೇಲೆ ಇಬ್ಬರಿಗೂ ಒಬ್ಬರ ಮೇಲೊಬ್ಬರಿಗೆ ಬಾಕಿ ಏನೂ ಇಲ್ಲ. ಇಬ್ಬರ ಸಹಿ. ಬೋರ್ಡಿಗೆ ತಿಳಿಸಿ ನಿಮ್ಮ ಹೆಸರು ತೆಗೆಸುವುದು ಓನರ್ ಕೆಲಸ, ಅದನ್ನೂ ಆ ಹಾಳೆಯಲ್ಲೇ ಸೇರಿಸಿ. ದುಡ್ಡನ್ನು ನೇರವಾಗಿ ಓನರ್ ಖಾತೆಗೇ ಹಾಕಿ. ಎಚ್‌ಡಿಬಿ ಬಾಡಿಗೆಯ ದುಡ್ಡನ್ನು ಏಜೆಂಟ್ ಮುಟ್ಟುವಂತಿಲ್ಲ ಅಂತ ನಮ್ಮನ್ನು ನೋಡಿಕೊಳ್ಳುವ ಏಜೆಂಟರ ಮಂಡಳಿಯ ನಿಯಮವೇ ಇದೆ, ಯಾರಾದರೂ "ನನ್ನ ಕೈಲಿ ಕೊಡಿ, ನಾನು ತಲುಪಿಸ್ತೀನಿ" ಅಂದರೆ ಕೊಡಬೇಡಿ.

ಕೀ ಕೊಡುವ ದಿನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು, ಡಿಪಾಸಿಟ್ ಕರಗುವುದು ಅಲ್ಲೇ. ನಮ್ಮ ಅಡುಗೆಮನೆಗಳಲ್ಲಿ ಒಗ್ಗರಣೆಯ ಜಿಡ್ಡು ಒಲೆಯ ಮೇಲಿನ ಹುಡ್‌ಗೆ ಹತ್ತಿ, ಅಲ್ಲಿಂದ ಕ್ಯಾಬಿನೆಟ್ಟಿನ ಮೇಲ್ಭಾಗಕ್ಕೆ ಅಂಟುತ್ತದೆ. ಬೆರಳು ಎಳೆದರೆ ಹಳದಿ ಗೆರೆ ಮೂಡುತ್ತದೆ. ದೇವರ ಮೂಲೆಯಲ್ಲಿ ದೀಪದ ಮಸಿ, ಊದುಬತ್ತಿಯ ಕಂದು ಕಲೆ, ಫೋಟೊ ತೂಗುಹಾಕಲು ಹೊಡೆದ ಮೊಳೆಯ ತೂತು. ದಿನಬಳಕೆಯ ಸವೆತಕ್ಕೆ ನೀವು ದುಡ್ಡು ಕೊಡಬೇಕಿಲ್ಲ, ಆದರೆ ಇವನ್ನು ಸವೆತ ಅಂತ ಓನರ್ ಒಪ್ಪುವುದಿಲ್ಲ. ಹೊರಡುವ ವಾರ ಕ್ಲೀನಿಂಗ್‌ನವರನ್ನು ಕರೆಸಿ ಹುಡ್ ಬಿಚ್ಚಿ ತೊಳೆಸಿ, ತೂತು ಮುಚ್ಚಿಸಿ, ಆ ಗೋಡೆಗೆ ಬಣ್ಣ ಹೊಡೆಸಿ. ಓನರ್ ಮಾಡಿಸಿ ಬಿಲ್ ಕಳಿಸುವುದಕ್ಕಿಂತ ಇದು ಬಹಳ ಅಗ್ಗ. ಎಸಿ ಸರ್ವಿಸ್ ಮೂರು ತಿಂಗಳಿಗೊಮ್ಮೆ ಅಂತ ಅಗ್ರಿಮೆಂಟಿನಲ್ಲಿ ಇರುತ್ತದಲ್ಲ, ಅದರ ರಸೀದಿಗಳನ್ನು ಎತ್ತಿಟ್ಟಿರಿ. ಮನೆಗೆ ಬಂದ ದಿನ ತೆಗೆದ ಫೋಟೊಗಳನ್ನು ಪಕ್ಕದಲ್ಲಿಟ್ಟುಕೊಂಡು ಓನರ್ ಜೊತೆ ಒಂದೊಂದೇ ರೂಮು ನೋಡಿ, ಅಲ್ಲೇ ವಿಡಿಯೊ ಮಾಡಿ.

ಡಿಪಾಸಿಟ್ ಕೊಡಲಿಲ್ಲ ಅಂದರೆ ಸ್ಮಾಲ್ ಕ್ಲೇಮ್ಸ್ ಟ್ರಿಬ್ಯುನಲ್ ಇದೆ. ಎರಡು ವರ್ಷ ಮೀರದ ವಾಸದ ಮನೆಯ ಬಾಡಿಗೆ ತಕರಾರು, 20,000 ಡಾಲರ್ ತನಕ ಅಲ್ಲಿ ನಡೆಯುತ್ತದೆ. ಇಬ್ಬರೂ ಒಪ್ಪಿದರೆ 30,000. ವಕೀಲರು ಬರುವಂತಿಲ್ಲ, ನೀವೇ ಮಾತಾಡಬೇಕು, ಶುಲ್ಕವೂ ಕಡಿಮೆ. ತಕರಾರು ಹುಟ್ಟಿದ ಎರಡು ವರ್ಷದೊಳಗೆ ಹಾಕಬೇಕು, ಅರ್ಜಿ ಆನ್‌ಲೈನಿನಲ್ಲೇ. ಆದರೆ ದೇಶ ಬಿಟ್ಟ ಮೇಲೆ ಇದನ್ನೆಲ್ಲ ನಡೆಸುವುದು ಕಷ್ಟ, ಸಾಧ್ಯವಾದರೆ ಇಲ್ಲಿರುವಾಗಲೇ ಹಾಕಿ. ಬಾಡಿಗೆದಾರ ಸುಮ್ಮನೆ ಹೋಗಿಬಿಡುತ್ತಾನೆ ಅನ್ನುವ ನಂಬಿಕೆಯ ಮೇಲೆ ಡಿಪಾಸಿಟ್ ಹಿಡಿದಿಡುವ ಓನರ್‌ಗಳೂ ಇದ್ದಾರೆ.

ಇನ್ನೂ ಸಹಿ ಹಾಕದವರಿಗೆ ಒಂದು ಮಾತು. ಡಿಪ್ಲೊಮ್ಯಾಟಿಕ್ ಕ್ಲಾಸ್ ಬೇಕು, ಯಾವ ಯಾವ ಕಾರಣಕ್ಕೆ ಬೇಕು ಅನ್ನುವುದನ್ನು ಅಗ್ರಿಮೆಂಟಿಗೆ ಮುಂಚೆ ಬರೆಯುವ ಒಪ್ಪಿಗೆ ಪತ್ರದಲ್ಲೇ (ಲೆಟರ್ ಆಫ್ ಇಂಟೆಂಟ್) ಬರೆಸಿ, ಮುಂಗಡ ಕೊಡುವ ಮುಂಚೆ. ಮುಂಗಡ ಕೊಟ್ಟ ಮೇಲೆ ಕೇಳಿದರೆ ಓನರ್‌ಗೆ ಒಪ್ಪಬೇಕಾದ ಒತ್ತಾಯವೇ ಇರುವುದಿಲ್ಲ. ನೋಟಿಸ್ ಬದಲು ಬಾಡಿಗೆ ಕಟ್ಟಿ ತಕ್ಷಣ ಬಿಡುವ ಅವಕಾಶವನ್ನೂ ಕೇಳಿ. ತಂದೆ ತಾಯಿಯ ಆರೋಗ್ಯದ ಕಾರಣ ಸೇರಿಸಲು ನಾನು ಕೆಲವರಿಗೆ ಕೇಳಿ ಕೊಡಿಸಿದ್ದೇನೆ. ಎಲ್ಲ ಓನರ್‌ಗಳೂ ಒಪ್ಪುವುದಿಲ್ಲ, ಒಪ್ಪುವವರೂ ಇದ್ದಾರೆ.

ಊರಿಗೆ ಹೊರಟವರು ಕರೆಂಟು ನೀರಿನ ಖಾತೆಯನ್ನು ಎಸ್‌ಪಿ ಸರ್ವಿಸಸ್‌ನಲ್ಲಿ ಕೀ ಕೊಡುವ ತಾರೀಖಿಗೇ ಮುಚ್ಚಿಸಿ, ಇಲ್ಲದಿದ್ದರೆ ಮೀಟರ್ ನಿಮ್ಮ ಹೆಸರಲ್ಲೇ ಓಡುತ್ತಿರುತ್ತದೆ. ಬ್ಯಾಂಕ್ ಖಾತೆಯನ್ನು ಮಾತ್ರ ಆಗಲೇ ಮುಚ್ಚಬೇಡಿ. ಡಿಪಾಸಿಟ್ ಬರುವುದು ಕೀ ಕೊಟ್ಟ ಕೆಲವು ವಾರಗಳ ಮೇಲೆ, ಅದು ಬಂದು ಬೀಳಲು ಇಲ್ಲಿ ನಿಮ್ಮದೊಂದು ಖಾತೆ ಇರಬೇಕು.