ಕಾಗದ ಸಿಕ್ಕರೆ ಸೋಲು, ಬರೀ ಮಾತಾದರೆ ಗೆಲುವು: ಅಮೆರಿಕದಲ್ಲಿ ಜಡ್ಜುಗಳ ನೇಮಕವೂ ಹಳೇ ಆರೋಪಗಳೂ

1987ರ ಅಕ್ಟೋಬರ್ ಕೊನೆಯಲ್ಲಿ ಅಮೆರಿಕದ ಅಧ್ಯಕ್ಷ ರೊನಾಲ್ಡ್ ರೇಗನ್ ಅವರು ಡಗ್ಲಸ್ ಗಿನ್ಸ್‌ಬರ್ಗ್ ಎಂಬ ಜಡ್ಜ್ ಹೆಸರನ್ನು ಸುಪ್ರೀಂ ಕೋರ್ಟಿಗೆ ಸೂಚಿಸಿದರು. ಒಂಬತ್ತು ದಿನದೊಳಗೆ ಗಿನ್ಸ್‌ಬರ್ಗ್ ತಾವಾಗಿಯೇ ಹಿಂದೆ ಸರಿದರು. ಕಾರಣ ಗಾಂಜಾ. ವಿದ್ಯಾರ್ಥಿಯಾಗಿದ್ದಾಗ ಸೇದಿದ್ದರು, ಆಮೇಲೆ ಹಾರ್ವರ್ಡ್‌ನಲ್ಲಿ ಪಾಠ ಹೇಳುತ್ತಿದ್ದಾಗಲೂ ಸೇದಿದ್ದರು, ಕೇಳಿದಾಗ ಹೌದು ಅಂದರು. ಅಧ್ಯಕ್ಷರ ಹೆಂಡತಿ ನ್ಯಾನ್ಸಿ ರೇಗನ್ ಆಗ ದೇಶವಿಡೀ ಸುತ್ತಿ ಮಾದಕ ವಸ್ತು ಮುಟ್ಟಬೇಡಿ ಅಂತ ಮಕ್ಕಳಿಗೆ ಹೇಳುತ್ತಿದ್ದರು. ಹೀಗಿರುವಾಗ ಇನ್ನೇನು ಉಳಿಯುತ್ತೆ?

ನಾಲ್ಕು ವರ್ಷ ಕಳೆಯಿತು. 1991ರಲ್ಲಿ ಸುಪ್ರೀಂ ಕೋರ್ಟಿಗೆ ಹೆಸರು ಹೋಗಿದ್ದ ಕ್ಲಾರೆನ್ಸ್ ಥಾಮಸ್ ಅವರ ಮೇಲೆ ಲೈಂಗಿಕ ಕಿರುಕುಳದ ಆರೋಪ ಬಂತು. ಅವರ ಕೈಕೆಳಗೆ ಕೆಲಸ ಮಾಡಿದ್ದ ಮಹಿಳೆ ಟೀವಿ ಕ್ಯಾಮೆರಾಗಳ ಮುಂದೆ ಪ್ರಮಾಣ ಮಾಡಿ ಹೇಳಿದರು. ಥಾಮಸ್ ಎಲ್ಲವನ್ನೂ ಅಲ್ಲಗಳೆದರು, 52-48 ಮತಗಳಿಂದ ಗೆದ್ದರು.

ಹಾಗಾದರೆ ಯಾವ ಆರೋಪ ಹೆಸರನ್ನು ಕೆಡವುತ್ತೆ, ಯಾವುದು ಕೆಡವಲ್ಲ? ಆರೋಪದ ಗಂಭೀರತೆ ನೋಡಿ ತೀರ್ಮಾನ ಆಗುತ್ತೆ ಅಂತ ನಾವು ಅಂದುಕೊಳ್ಳುತ್ತೇವೆ. ನೂರು ವರ್ಷದ ಇತಿಹಾಸ ನೋಡಿದರೆ ಹಾಗೆ ಕಾಣಲ್ಲ. ನನಗೆ ಕಾಣೋದು ಮೂರೇ ಪ್ರಶ್ನೆ. ಕಾಗದದ ಮೇಲೆ ಏನಾದರೂ ಇದೆಯಾ? ಅದು ಮತದಾನಕ್ಕೆ ಮುಂಚೆ ಹೊರಬಂತಾ? ಸೂಚಿಸಿದ ಅಧ್ಯಕ್ಷರ ಪಕ್ಷದವರೇ ಕೈಬಿಟ್ಟರಾ?

ಮೊದಲು ವ್ಯವಸ್ಥೆ ಹೇಗಿದೆ ಅಂತ ನೋಡೋಣ. ಜಡ್ಜುಗಳೇ ಜಡ್ಜುಗಳನ್ನು ಆರಿಸುವ ನಮ್ಮಂಥ ಕೊಲಿಜಿಯಂ ಅಲ್ಲಿ ಇಲ್ಲ. ಅಧ್ಯಕ್ಷರು ಹೆಸರು ಸೂಚಿಸುತ್ತಾರೆ, ಸಂಸತ್ತಿನ ಮೇಲ್ಮನೆಯಾದ ಸೆನೆಟ್ ಒಪ್ಪಬೇಕು. ಸುಪ್ರೀಂ ಕೋರ್ಟಿಗೂ ಅಷ್ಟೇ, ಕೆಳಗಿನ ಫೆಡರಲ್ ಕೋರ್ಟುಗಳಿಗೂ ಅಷ್ಟೇ. ಒಮ್ಮೆ ಕೂತರೆ ನಿವೃತ್ತಿ ವಯಸ್ಸು ಅಂತ ಇಲ್ಲ, ಬೇಕಾದರೆ ಸಾಯುವ ತನಕ ಇರಬಹುದು. ಇಳಿಸಬೇಕಂದರೆ ವಾಗ್ದಂಡನೆ ಒಂದೇ ದಾರಿ, ಅದಕ್ಕೆ ಸೆನೆಟ್‌ನಲ್ಲಿ ಮೂರನೇ ಎರಡರಷ್ಟು ಮತ ಬೇಕು. ಇಷ್ಟು ವರ್ಷಗಳಲ್ಲಿ ವಾಗ್ದಂಡನೆ ಎದುರಿಸಿದ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಒಬ್ಬರೇ, ಸ್ಯಾಮ್ಯುಯೆಲ್ ಚೇಸ್. 1805ರಲ್ಲಿ ಅವರೂ ಪಾರಾದರು. ಅಂದರೆ ತಡೆಯೋದಾದರೆ ಒಳಗೆ ಬರುವ ಮುಂಚೆಯೇ ತಡೆಯಬೇಕು. ನೇಮಕದ ಹೊತ್ತಿನಲ್ಲಿ ಅಷ್ಟೊಂದು ಕಿತ್ತಾಟ ಯಾಕೆ ಅನ್ನೋದಕ್ಕೆ ಇದೇ ಉತ್ತರ.

ಸಾರ್ವಜನಿಕ ವಿಚಾರಣೆ ಶುರುವಾಗಿದ್ದೇ ಆರೋಪಗಳಿಂದ. 1916ರಲ್ಲಿ ಅಧ್ಯಕ್ಷ ವಿಲ್ಸನ್ ಅವರು ಲೂಯಿಸ್ ಬ್ರಾಂಡೈಸ್ ಹೆಸರು ಕೊಟ್ಟಾಗ, ವಕೀಲರಾಗಿ ಅವರ ನಡತೆ ಸರಿಯಿಲ್ಲ ಅಂತ ದೊಡ್ಡ ದೊಡ್ಡ ವಕೀಲರೇ ಎದ್ದು ನಿಂತರು. ಬ್ರಾಂಡೈಸ್ ದೊಡ್ಡ ಕಂಪನಿಗಳ ವಿರುದ್ಧ ಹೋರಾಡಿದವರು, ಮೇಲಾಗಿ ಸುಪ್ರೀಂ ಕೋರ್ಟಿಗೆ ಹೆಸರು ಹೋದ ಮೊದಲ ಯಹೂದಿ. ವಿರೋಧದಲ್ಲಿ ನಡತೆಯ ಚಿಂತೆ ಎಷ್ಟು, ಯಹೂದಿ ದ್ವೇಷ ಎಷ್ಟು ಅಂತ ಬೇರ್ಪಡಿಸೋದು ಕಷ್ಟ. ನಾಲ್ಕು ತಿಂಗಳು ಎಳೆದಾಡಿ ಕೊನೆಗೆ 47-22ರಲ್ಲಿ ಒಪ್ಪಿದರು. ಅಷ್ಟೂ ದಿನ ಬ್ರಾಂಡೈಸ್ ಒಂದು ದಿನವೂ ವಿಚಾರಣೆ ನಡೆಸುವ ಸೆನೆಟ್‌ನ ನ್ಯಾಯಾಂಗ ಸಮಿತಿಯ ಮುಂದೆ ಬರಲಿಲ್ಲ. ಅಭ್ಯರ್ಥಿಯೇ ಬಂದು ಉತ್ತರ ಕೊಡುವ ರೂಢಿ ಆಗ ಇರಲಿಲ್ಲ.

ಹೊತ್ತಿನ ಪ್ರಶ್ನೆಗೆ ಹ್ಯೂಗೊ ಬ್ಲ್ಯಾಕ್ ಅವರ ಕಥೆಗಿಂತ ಒಳ್ಳೆಯ ಉದಾಹರಣೆ ಇಲ್ಲ. 1937ರ ಆಗಸ್ಟ್‌ನಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ಬ್ಲ್ಯಾಕ್ ಹೆಸರನ್ನು ಕೊಟ್ಟರು. ಬ್ಲ್ಯಾಕ್ ಸ್ವತಃ ಸೆನೆಟರ್, ಸಹೋದ್ಯೋಗಿಗಳು ಐದೇ ದಿನದಲ್ಲಿ 63-16ರಲ್ಲಿ ಮುಗಿಸಿಬಿಟ್ಟರು. ಕೂ ಕ್ಲಕ್ಸ್ ಕ್ಲಾನ್ ಅನ್ನೋ ಬಿಳಿಯರ ದ್ವೇಷ ಸಂಘಟನೆಯಲ್ಲಿ ಅವರಿದ್ದರು ಅನ್ನೋ ಗುಸುಗುಸು ಆಗಲೇ ಇತ್ತು, ಯಾರೂ ಕೆದಕಲಿಲ್ಲ. ಮುಂದಿನ ತಿಂಗಳು ಪಿಟ್ಸ್‌ಬರ್ಗ್‌ನ ಪತ್ರಕರ್ತ ರೇ ಸ್ಪ್ರಿಗಲ್ ದಾಖಲೆ ಸಮೇತ ಬರೆದರು. ಅದಕ್ಕೆ ಪುಲಿಟ್ಜರ್ ಪ್ರಶಸ್ತಿಯೂ ಬಂತು. ಬ್ಲ್ಯಾಕ್ ರೇಡಿಯೋದಲ್ಲಿ ಮಾತಾಡಿ, ಸೇರಿದ್ದು ನಿಜ, ಬಿಟ್ಟಿದ್ದೂ ನಿಜ ಅಂದರು. ಅಷ್ಟೇ. 1971ರ ತನಕ ಆ ಕುರ್ಚಿಯಲ್ಲಿದ್ದರು. ಶಾಲೆಗಳಲ್ಲಿ ಬಣ್ಣದ ಮೇಲೆ ಮಕ್ಕಳನ್ನು ಬೇರೆ ಮಾಡೋದು ತಪ್ಪು ಅಂತ 1954ರಲ್ಲಿ ಬಂದ ಒಮ್ಮತದ ತೀರ್ಪಿನಲ್ಲಿ ಅವರೂ ಇದ್ದರು ಅನ್ನೋದು ಈ ಕಥೆಯನ್ನು ಇನ್ನಷ್ಟು ಗೋಜಲು ಮಾಡುತ್ತೆ. ಆ ದಾಖಲೆ ಒಂದು ತಿಂಗಳು ಮುಂಚೆ ಸಿಕ್ಕಿದ್ದರೆ ಏನಾಗುತ್ತಿತ್ತು?

ಕಾಗದದ ಬಲ ಚೆನ್ನಾಗಿ ಕಾಣಿಸೋದು 1968ರಿಂದ 1970ರ ನಡುವೆ. ಅಧ್ಯಕ್ಷ ಜಾನ್ಸನ್ ತಮ್ಮ ಗೆಳೆಯ ಏಬ್ ಫೋರ್ಟಾಸ್ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಲು ಹೊರಟರು. ಫೋರ್ಟಾಸ್ ಆಗಲೇ ಸುಪ್ರೀಂ ಕೋರ್ಟಿನಲ್ಲಿದ್ದವರು. ಒಂದು ವಿಶ್ವವಿದ್ಯಾಲಯದಲ್ಲಿ ಬೇಸಿಗೆಯ ಪಾಠಗಳಿಗೆ ಅವರು 15,000 ಡಾಲರ್ ತಗೊಂಡಿದ್ದು ಹೊರಬಂತು. ಆ ದುಡ್ಡು ಉದ್ಯಮಿಗಳಿಂದ ಎತ್ತಿದ್ದು, ಎತ್ತಿಕೊಟ್ಟವರು ಅವರ ಹಳೇ ವಕೀಲಿ ಸಂಸ್ಥೆಯ ಪಾಲುದಾರ. ಸೆನೆಟ್‌ನಲ್ಲಿ ಚರ್ಚೆ ನಿಲ್ಲಿಸಿ ಮತಕ್ಕೆ ಹಾಕಲು ಬೇಕಾದಷ್ಟು ಬೆಂಬಲ ಸಿಗಲಿಲ್ಲ, ಹೆಸರು ವಾಪಸ್ ಹೋಯಿತು. ಮರುವರ್ಷ ಲೈಫ್ ಪತ್ರಿಕೆ ಇನ್ನೊಂದು ವಿಷಯ ಹೊರಹಾಕಿತು. ತನಿಖೆಯಲ್ಲಿ ಸಿಕ್ಕಿಬಿದ್ದಿದ್ದ ಲೂಯಿಸ್ ವುಲ್ಫ್‌ಸನ್ ಎಂಬ ಹಣಕಾಸಿನ ಕುಳದ ಪ್ರತಿಷ್ಠಾನದಿಂದ ಫೋರ್ಟಾಸ್ 20,000 ಡಾಲರ್ ಪಡೆದಿದ್ದರು. ತಿಂಗಳುಗಟ್ಟಲೆ ಇಟ್ಟುಕೊಂಡು ಆಮೇಲೆ ವಾಪಸ್ ಕೊಟ್ಟಿದ್ದರು. ವರ್ಷಕ್ಕೆ ಅಷ್ಟು ದುಡ್ಡು ಬದುಕಿರುವ ತನಕ ಕೊಡುವ ಒಪ್ಪಂದ ಅದು ಅಂತಲೂ ಗೊತ್ತಾಯಿತು. 1969ರ ಮೇ ತಿಂಗಳಲ್ಲಿ ರಾಜೀನಾಮೆ ಕೊಟ್ಟರು.

ಆ ಖಾಲಿ ಜಾಗಕ್ಕೆ ಹೊಸ ಅಧ್ಯಕ್ಷ ನಿಕ್ಸನ್ ಸೂಚಿಸಿದ ಕ್ಲೆಮೆಂಟ್ ಹೇನ್ಸ್‌ವರ್ತ್ 45-55ರಲ್ಲಿ ಸೋತರು. ಅವರ ಷೇರುಗಳಿಗೂ ಅವರು ಕೇಳಿದ ಕೇಸುಗಳಿಗೂ ನಂಟಿತ್ತು ಅನ್ನೋದು ಆರೋಪ. ಫೋರ್ಟಾಸ್ ಪ್ರಕರಣದ ಬಿಸಿ ಆರಿರಲಿಲ್ಲ, ಅವರಿಗೆ ಹಾಕಿದ ಅಳತೆಯನ್ನು ಇವರಿಗೂ ಹಾಕದೆ ವಿಧಿಯಿರಲಿಲ್ಲ. ನಿಕ್ಸನ್ ಪಕ್ಷದ 17 ಮಂದಿಯೇ ವಿರುದ್ಧ ಮತ ಹಾಕಿದರು. ಮುಂದೆ ಬಂದವರು ಹ್ಯಾರಲ್ಡ್ ಕಾರ್ಸ್‌ವೆಲ್. 1948ರಲ್ಲಿ ಚುನಾವಣೆಗೆ ನಿಂತಾಗ ಬಿಳಿಯರೇ ಮೇಲು ಅಂತ ಮಾಡಿದ ಭಾಷಣವನ್ನು ವರದಿಗಾರನೊಬ್ಬ ಜಾರ್ಜಿಯಾದ ಸಣ್ಣ ಊರಿನ ಹಳೇ ಪತ್ರಿಕೆಯಲ್ಲಿ ಹುಡುಕಿ ತೆಗೆದ. ಅದರ ಜೊತೆಗೆ ಇವರು ಸಾಧಾರಣ ಜಡ್ಜ್ ಅನ್ನೋ ಟೀಕೆ ಬೇರೆ. ಸೆನೆಟರ್ ರೋಮನ್ ಹ್ರುಸ್ಕಾ ಕಾರ್ಸ್‌ವೆಲ್‌ರನ್ನು ಸಮರ್ಥಿಸಲು ಹೋಗಿ, ದೇಶದಲ್ಲಿ ಸಾಧಾರಣ ಜನ ಬೇಕಾದಷ್ಟಿದ್ದಾರೆ, ಅವರಿಗೂ ಪ್ರಾತಿನಿಧ್ಯ ಬೇಡವೇ ಅಂತ ಕೇಳಿದರು. ಇಂಥ ಗೆಳೆಯ ಇದ್ದಮೇಲೆ ಶತ್ರು ಯಾಕೆ ಬೇಕು! ಕಾರ್ಸ್‌ವೆಲ್ 45-51ರಲ್ಲಿ ಸೋತರು.

ಇಲ್ಲಿಗೆ ಒಂದು ಮಾದರಿ ಸಿದ್ಧವಾಗಿತ್ತು. ಚೆಕ್ಕು, ಷೇರು, ಅಚ್ಚಾದ ಭಾಷಣ. ಇವುಗಳನ್ನು ಕೈಯಲ್ಲಿ ಹಿಡಿದು ತೋರಿಸಬಹುದು. ಮುಚ್ಚಿದ ಕೋಣೆಯಲ್ಲಿ ಇಬ್ಬರ ನಡುವೆ ನಡೆದಿದ್ದಕ್ಕೆ ಅಂಥ ಚೀಟಿ ಎಲ್ಲಿಂದ ಬರಬೇಕು? ಸೆನೆಟ್ ಬಳಿ ಇದಕ್ಕೆ ಉತ್ತರ ಇರಲಿಲ್ಲ ಅನ್ನೋದು 1991ರಲ್ಲಿ ಬಯಲಾಯಿತು.

ಆರೋಪ ಹೊರಿಸಿದ ಮಹಿಳೆ ಅನಿತಾ ಹಿಲ್ ಅವರು ಥಾಮಸ್ ಕೈಕೆಳಗೆ ಎರಡು ಕಡೆ ಕೆಲಸ ಮಾಡಿದ್ದರು. ಎರಡನೆಯದು ಸಮಾನ ಉದ್ಯೋಗಾವಕಾಶ ಆಯೋಗ, ಅಂದರೆ ಕೆಲಸದ ಜಾಗದ ಕಿರುಕುಳದ ದೂರುಗಳನ್ನು ನೋಡುವ ಕಚೇರಿ. ಹಿಲ್ ಮಾತು ಕೇಂದ್ರದ ತನಿಖಾ ಸಂಸ್ಥೆ ಎಫ್‌ಬಿಐ ವರದಿಯಲ್ಲಿ ಗುಟ್ಟಾಗಿ ಇತ್ತು. ಸಮಿತಿ 7-7 ಅಂತ ಸಮವಾಗಿ ಒಡೆದು ವಿಷಯವನ್ನು ಸೆನೆಟ್‌ಗೆ ಕಳಿಸಿಯೂ ಆಗಿತ್ತು. ಅಕ್ಟೋಬರ್ 6ರಂದು ಅದು ಸೋರಿ ಸುದ್ದಿಯಾಯಿತು. ತರಾತುರಿಯಲ್ಲಿ ಮತ್ತೆ ವಿಚಾರಣೆ ಇಟ್ಟರು. ಮೇಜಿನ ಆ ಕಡೆ ಕೂತಿದ್ದು 14 ಜನ, ಎಲ್ಲರೂ ಬಿಳಿ ಗಂಡಸರು, ಅಧ್ಯಕ್ಷತೆ ಜೋ ಬೈಡನ್ ಅವರದ್ದು. ಹಿಂದೆಯೇ ತಮಗೆ ಹಿಲ್ ಇದನ್ನು ಹೇಳಿಕೊಂಡಿದ್ದರು ಅಂತ ನಾಲ್ವರು ಬಂದು ಸಾಕ್ಷಿ ಹೇಳಿದರು. ಥಾಮಸ್ ಬಗ್ಗೆ ದೂರಿದ್ದ ಇನ್ನೊಬ್ಬ ಮಹಿಳೆ, ಆ್ಯಂಜೆಲಾ ರೈಟ್, ಕರೆ ಬಂದಿದೆ ಅಂತ ವಾಷಿಂಗ್ಟನ್‌ಗೆ ಬಂದು ಕಾದರು. ಅವರನ್ನು ಕೂರಿಸಿ ಕೇಳಲೇ ಇಲ್ಲ, ಹೇಳಿಕೆಯನ್ನು ಕಡತಕ್ಕೆ ಸೇರಿಸಿ ಕೈತೊಳೆದುಕೊಂಡರು. ನನ್ನ ಪ್ರಕಾರ ಇಡೀ ಪ್ರಕರಣದಲ್ಲಿ ಅತಿ ದೊಡ್ಡ ಲೋಪ ಇದೇ. ಮಾತಿಗೆ ಎದುರು ಮಾತು ಅಷ್ಟೇ ಇದೆ ಅಂತ ಆಮೇಲೆ ಹೇಳಿದವರು, ಇನ್ನೊಂದು ಮಾತನ್ನು ಕೇಳದಂತೆ ನೋಡಿಕೊಂಡಿದ್ದರು.

ಸ್ವತಃ ಕರಿಯರಾದ ಥಾಮಸ್ ಇದನ್ನು ಕರಿಯರ ಮೇಲಿನ ಹೈಟೆಕ್ ಗುಂಪುಹತ್ಯೆ ಅಂತ ಕರೆದರು. ಆ ಒಂದು ಮಾತಿಗೆ ಕೋಣೆಯ ಗಾಳಿಯೇ ಬದಲಾಯಿತು. ಸೆನೆಟ್‌ನಲ್ಲಿ ಬಹುಮತ ಇದ್ದಿದ್ದು ಥಾಮಸ್‌ರನ್ನು ಸೂಚಿಸಿದ ರಿಪಬ್ಲಿಕನ್ ಅಧ್ಯಕ್ಷರ ಎದುರಾಳಿ ಡೆಮಾಕ್ರಟಿಕ್ ಪಕ್ಷಕ್ಕೆ, ಆದರೂ ಅವರಲ್ಲೇ 11 ಜನ ಥಾಮಸ್ ಪರ ನಿಂತರು. ಥಾಮಸ್ ವಿರುದ್ಧ ಮತ ಹಾಕಿದ ರಿಪಬ್ಲಿಕನ್ನರು ಇಬ್ಬರೇ. ಅವರಲ್ಲಿ ಒಬ್ಬರಾದ ಬಾಬ್ ಪ್ಯಾಕ್‌ವುಡ್ ಮೇಲೆ ಮರುವರ್ಷ ಹಲವು ಮಹಿಳೆಯರು ಕಿರುಕುಳದ ದೂರು ಹೇಳಿ, 1995ರಲ್ಲಿ ಅವರು ರಾಜೀನಾಮೆ ಕೊಡಬೇಕಾಯಿತು. ಕಲ್ಪಿಸಿ ಬರೆದಿದ್ದರೆ ಯಾರೂ ನಂಬ್ತಿರಲಿಲ್ಲ, ಅಲ್ವಾ?

ಹಿಲ್ ಹೇಳಿದ್ದು ನೇಮಕ ತಡೆಯಲಿಲ್ಲ, ಬೇರೆ ಕಡೆ ಪರಿಣಾಮ ಜಾಸ್ತಿ ಆಯಿತು. ಕಿರುಕುಳಕ್ಕೆ ಪರಿಹಾರ ಕೇಳಲು ದಾರಿ ಮಾಡಿಕೊಟ್ಟ ಕಾನೂನಿಗೆ ಮುಂದಿನ ತಿಂಗಳೇ ಸಹಿ ಬಿತ್ತು. 1992ರ ಚುನಾವಣೆಯಲ್ಲಿ ನಾಲ್ವರು ಮಹಿಳೆಯರು ಹೊಸದಾಗಿ ಸೆನೆಟ್‌ಗೆ ಬಂದರು. ಅವರಲ್ಲಿ ಡಯಾನ್ ಫೈನ್‌ಸ್ಟೈನ್ ಮತ್ತು ಕ್ಯಾರಲ್ ಮೋಸ್ಲಿ ಬ್ರೌನ್ ನ್ಯಾಯಾಂಗ ಸಮಿತಿಗೇ ಸೇರಿದರು. ಸುಪ್ರೀಂ ಕೋರ್ಟಿಗೆ ಯಾರ ಹೆಸರು ಬಂದರೂ ಎಫ್‌ಬಿಐ ಕಡತದ ಬಗ್ಗೆ ಒಂದು ಮುಚ್ಚಿದ ಸಭೆ ನಡೆಸೋದು ರೂಢಿಯಾಯಿತು. ದೂರು ಇರಲಿ ಬಿಡಲಿ, ಸಭೆ ಇರುತ್ತೆ. ಇದ್ದರೆ ಮಾತ್ರ ಕರೆದರೆ, ಕರೆದದ್ದೇ ಸುದ್ದಿಯಾಗುತ್ತಲ್ಲ.

ಆದರೂ 2018ರಲ್ಲಿ ಬಹುತೇಕ ಅದೇ ನಡೆಯಿತು. ರಿಪಬ್ಲಿಕನ್ ಅಧ್ಯಕ್ಷ ಟ್ರಂಪ್ ಕಡೆಯಿಂದ, ಆಗ ಕೆಳಗಿನ ಕೋರ್ಟಿನ ಜಡ್ಜ್ ಆಗಿದ್ದ ಬ್ರೆಟ್ ಕ್ಯಾವನಾ ಹೆಸರು ಜುಲೈ 9ಕ್ಕೆ ಬಂತು. ಹೈಸ್ಕೂಲ್ ದಿನಗಳಲ್ಲಿ ತನ್ನ ಮೇಲೆ ಲೈಂಗಿಕ ಹಲ್ಲೆ ಮಾಡಿದರು ಅಂತ ಕ್ರಿಸ್ಟೀನ್ ಬ್ಲೇಸಿ ಫೋರ್ಡ್ ಬರೆದ ಪತ್ರ ಜುಲೈ ಕೊನೆಗೆ ಫೈನ್‌ಸ್ಟೈನ್ ಕೈ ಸೇರಿತ್ತು. ಹೆಸರು ಹೊರಬರಬಾರದು ಅಂತ ಫೋರ್ಡ್ ಕೇಳಿದ್ದರಿಂದ ಫೈನ್‌ಸ್ಟೈನ್ ಸುಮ್ಮನಿದ್ದರು. ಸೆಪ್ಟೆಂಬರ್ ನಡುವೆ ಅದು ಹೊರಬಂದಾಗ, ಕೊನೇ ಗಳಿಗೆಯ ಪಿತೂರಿ ಅಂತ ರಿಪಬ್ಲಿಕನ್ನರು ಕೂಗಿದರು. ಗುಟ್ಟು ಕಾಪಾಡಿದರೆ ತಡವಾಗುತ್ತೆ, ತಡವಾದರೆ ಅನುಮಾನ ಹುಟ್ಟುತ್ತೆ. ಈ ಗಂಟು ಬಿಡಿಸುವ ನಿಯಮ ಇವತ್ತಿಗೂ ಇಲ್ಲ.

ಈ ಸಲ ಎರಡೂ ಕಡೆಯವರು ಕಾಗದ ತಂದಿದ್ದರು. ಫೋರ್ಡ್ ಬಳಿ 2012ರ ಥೆರಪಿಸ್ಟ್ ಟಿಪ್ಪಣಿ ಇತ್ತು, ಆದರೆ ಅದರಲ್ಲಿ ಕ್ಯಾವನಾ ಹೆಸರಿರಲಿಲ್ಲ. ಕ್ಯಾವನಾ ತಮ್ಮ 1982ರ ಕ್ಯಾಲೆಂಡರ್ ತಂದರು, ಎಲ್ಲಿ ಹೋಗಿದ್ದೆ ಎಲ್ಲಿಲ್ಲ ಅಂತ ತೋರಿಸಲು. ಎರಡರಿಂದಲೂ ಏನೂ ಬಗೆಹರಿಯಲಿಲ್ಲ. ಸೆನೆಟರ್ ಜೆಫ್ ಫ್ಲೇಕ್ ಪಟ್ಟು ಹಿಡಿದ ಮೇಲೆ ಎಫ್‌ಬಿಐಗೆ ಇನ್ನೊಂದು ವಾರ ಕೊಟ್ಟರು.

ಇಲ್ಲೇ ಒಂದು ವಿಷಯ ಬಹಳ ಜನಕ್ಕೆ ಗೊತ್ತಿಲ್ಲ. ಎಫ್‌ಬಿಐ ತನಿಖೆ ಅಂದ ತಕ್ಷಣ ಅಪರಾಧದ ತನಿಖೆ ಅಂತ ಅಂದುಕೊಳ್ಳುತ್ತಾರೆ. ಅಲ್ಲ. ಇದು ಹಿನ್ನೆಲೆ ವಿಚಾರಣೆ, ಶ್ವೇತಭವನ ಕೇಳಿದ್ದಕ್ಕೆ ಮಾಡಿಕೊಡುವ ಕೆಲಸ. ಯಾರನ್ನು ಕೇಳಬೇಕು, ಎಲ್ಲಿಗೆ ನಿಲ್ಲಿಸಬೇಕು ಅನ್ನೋದು ಶ್ವೇತಭವನದ ಕೈಯಲ್ಲಿ. ಅಂದರೆ ಯಾರು ಆ ಹೆಸರು ಗೆಲ್ಲಲಿ ಅಂತ ಬಯಸುತ್ತಾರೋ ಅವರೇ ತನಿಖೆಯ ಗೆರೆ ಎಳೆಯುತ್ತಾರೆ. ಎಫ್‌ಬಿಐ ಹೇಳಿಕೆ ಬರೆದುಕೊಂಡು ಕೊಡುತ್ತೆ, ಯಾರದ್ದು ನಿಜ ಅಂತ ಹೇಳಲ್ಲ. 2018ರ ಆ ವಾರದಲ್ಲಿ ಹತ್ತು ಜನರನ್ನು ಮಾತಾಡಿಸಿದರು. ಫೋರ್ಡ್ ಅವರನ್ನಾಗಲಿ ಕ್ಯಾವನಾ ಅವರನ್ನಾಗಲಿ ಮಾತಾಡಿಸಲಿಲ್ಲ. ಸಾರ್ವಜನಿಕರಿಂದ 4,500 ಸುಳಿವುಗಳು ಬಂದಿದ್ದವು, ಮುಖ್ಯ ಅನ್ನಿಸಿದವನ್ನು ಶ್ವೇತಭವನದ ವಕೀಲರಿಗೆ ದಾಟಿಸಿದೆವು ಅಂತ ಎಫ್‌ಬಿಐ 2021ರಲ್ಲಿ ಪತ್ರ ಬರೆದು ತಿಳಿಸಿತು. ಕ್ಯಾವನಾ ಮೇಲಿನ ಆರೋಪ ನಿಜವೋ ಸುಳ್ಳೋ ಅನ್ನೋದು ಬೇರೆ ಮಾತು. ಅವರು ಅದನ್ನು ಕಡೇ ತನಕ ಅಲ್ಲಗಳೆದಿದ್ದಾರೆ. ಆದರೆ ಇಂಥ ತನಿಖೆಯಿಂದ ಅವರ ಹೆಸರೂ ತೊಳೆದು ಹೋಗಲ್ಲ, ಫೋರ್ಡ್ ಮಾತಿಗೂ ಉತ್ತರ ಸಿಗಲ್ಲ.

ಕ್ಯಾವನಾ 50-48ರಲ್ಲಿ ಗೆದ್ದರು. ಆಮೇಲೆ ಇನ್ನೊಂದು ವಿಚಿತ್ರ. ವಿಚಾರಣೆಯಲ್ಲಿ ಅವರ ಮಾತು ಮತ್ತು ವರ್ತನೆ ಬಗ್ಗೆ 83 ದೂರು ಬಂದಿದ್ದವು, ಅವನ್ನು ನೋಡಲು ಡೆನ್ವರ್‌ನ ಮೇಲ್ಮನವಿ ಕೋರ್ಟಿಗೆ ಕಳಿಸಿದರು. ದೂರುಗಳು ಗಂಭೀರವಾಗಿವೆ, ಆದರೆ ನ್ಯಾಯಾಂಗ ನಡತೆಯ 1980ರ ಕಾಯ್ದೆ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿಗೆ ಅನ್ವಯಿಸಲ್ಲ ಅಂತ ಹೇಳಿ ಅಲ್ಲಿ ವಜಾ ಮಾಡಿದರು. ಬಡ್ತಿ ಸಿಕ್ಕಿದ್ದರಿಂದ ದೂರು ಸತ್ತಿತು.

ಮತಗಳ ಲೆಕ್ಕವೂ ಅಷ್ಟರಲ್ಲಿ ಬದಲಾಗಿತ್ತು. ಮುಂಚೆ ವಿರೋಧ ಪಕ್ಷ ಚರ್ಚೆ ಎಳೆದರೆ ಅದನ್ನು ಮುಗಿಸಲು 60 ಮತ ಬೇಕಿತ್ತು. 2013ರಲ್ಲಿ ಡೆಮಾಕ್ರಟರು ಕೆಳಗಿನ ಕೋರ್ಟುಗಳ ಮಟ್ಟಿಗೆ ಅದನ್ನು ತೆಗೆದರು, 2017ರಲ್ಲಿ ರಿಪಬ್ಲಿಕನ್ನರು ಸುಪ್ರೀಂ ಕೋರ್ಟಿಗೂ ತೆಗೆದರು. ಈಗ ಬಹುಮತ ಇದ್ದ ಪಕ್ಷ ಒಗ್ಗಟ್ಟಾಗಿದ್ದರೆ ಸಾಕು, ಎದುರಿನವರು ಏನು ಹೇಳಿದರೂ ನಡೆಯುತ್ತೆ. ತಡೆಯೋರು ಇದ್ದರೆ ಒಳಗಿನವರೇ. ಕ್ಯಾವನಾ ಹೆಸರು ಬಂದ ಅದೇ ಜುಲೈನಲ್ಲಿ ಕೆಳಗಿನ ಕೋರ್ಟಿಗೆ ಸೂಚಿಸಿದ್ದ ರಯಾನ್ ಬೌಂಡ್ಸ್ ಎಂಬುವವರ ಹೆಸರನ್ನು ಮತದಾನದ ಹೊತ್ತಿಗೆ ವಾಪಸ್ ತಗೊಂಡರು. ಕಾಲೇಜಿನಲ್ಲಿ ಜನಾಂಗದ ಬಗ್ಗೆ ಅವರು ಬರೆದಿದ್ದ ಬರಹ ನೋಡಿ ಅವರದೇ ಕಡೆಯ ಸೆನೆಟರ್ ಟಿಮ್ ಸ್ಕಾಟ್ ಒಪ್ಪಲಿಲ್ಲ. 2023ರಲ್ಲಿ, ಆಗ ಅಧ್ಯಕ್ಷರಾಗಿದ್ದ ಬೈಡನ್ ಕೆಳಗಿನ ಕೋರ್ಟಿಗೆ ಸೂಚಿಸಿದ್ದ ಮೈಕಲ್ ಡೆಲಾನಿ ಹಿಂದೆ ಸರಿದರು. ಲೈಂಗಿಕ ಹಲ್ಲೆ ಪ್ರಕರಣದಲ್ಲಿ ಒಂದು ಶಾಲೆಯ ವಕೀಲರಾಗಿ, ನೊಂದ ಹುಡುಗಿಯ ಹೆಸರು ಗುಟ್ಟಾಗಿಡುವ ಬಗ್ಗೆ ಅವರು ಕೋರ್ಟಿಗೆ ಸಲ್ಲಿಸಿದ್ದ ಅರ್ಜಿಯೇ ಮುಳುವಾಯಿತು. ಎರಡೂ ಕಡೆ ಇದ್ದದ್ದು ಬರಹ, ಕೈಬಿಟ್ಟವರು ಸ್ವಂತ ಪಕ್ಷದವರು.

2025ರಲ್ಲಿ ಈ ಲೆಕ್ಕವೂ ತಪ್ಪಿತು. ಟ್ರಂಪ್ ತಮ್ಮ ಮಾಜಿ ವಕೀಲ, ಆಗ ನ್ಯಾಯ ಇಲಾಖೆಯ ಹಿರಿಯ ಅಧಿಕಾರಿಯಾಗಿದ್ದ ಎಮಿಲ್ ಬೋವೆ ಅವರನ್ನು ಮೂರನೇ ಸರ್ಕ್ಯೂಟ್ ಮೇಲ್ಮನವಿ ಕೋರ್ಟಿಗೆ, ಅಂದರೆ ಸುಪ್ರೀಂ ಕೋರ್ಟಿಗಿಂತ ಒಂದು ಮೆಟ್ಟಿಲು ಕೆಳಗಿನ ಕೋರ್ಟಿಗೆ, ಸೂಚಿಸಿದರು. ಅಗತ್ಯ ಬಿದ್ದರೆ ಕೋರ್ಟ್ ಆದೇಶವನ್ನೇ ಕಡೆಗಣಿಸುವ ಮಾತಾಡಿದ್ದರು ಅಂತ ಇಲಾಖೆಯಲ್ಲಿ ಕೆಲಸ ಮಾಡಿದ್ದ ವಕೀಲ ಎರೆಜ್ ರೂವೇನಿ ದೂರಿದರು. ಇದು ದಶಕಗಳ ಹಿಂದಿನ ಕಥೆಯಲ್ಲ, ಅದೇ ವರ್ಷದ ಮಾರ್ಚ್ ತಿಂಗಳದ್ದು. ಬೋವೆ ಇಲ್ಲ ಅಂದರು. ರೂವೇನಿ ಇಮೇಲ್, ಮೆಸೇಜುಗಳನ್ನು ಸೆನೆಟ್‌ಗೆ ಕೊಟ್ಟರು, ಅವು ಮತದಾನಕ್ಕೆ ಮುಂಚೆಯೇ ಹೊರಬಂದವು. ರೂವೇನಿಯನ್ನು ಕರೆದು ಕೇಳಿ ಅಂತ ಡೆಮಾಕ್ರಟರು ಒತ್ತಾಯಿಸಿದರೂ ಸಮಿತಿ ಕರೆಯಲಿಲ್ಲ, ಡೆಮಾಕ್ರಟರು ಸಭೆ ಬಿಟ್ಟು ಎದ್ದು ಹೋದರು. ಜುಲೈ 29ರಂದು ಮತ ಎಣಿಸಿದಾಗ ರಿಪಬ್ಲಿಕನ್ನರಲ್ಲಿ ಇಬ್ಬರು ಮಾತ್ರ ವಿರುದ್ಧ ಇದ್ದರು, ಸೂಸನ್ ಕಾಲಿನ್ಸ್ ಮತ್ತು ಲೀಸಾ ಮರ್ಕೌಸ್ಕಿ. ಬೋವೆ 50-49ರಲ್ಲಿ ಗೆದ್ದರು.