ಎರಡನೇ ಪ್ರಶ್ನೆಗೆ ತಯಾರಾಗಿ

ಮೇ ತಿಂಗಳು ಬಂತೆಂದರೆ ನನಗೆ ಬರುವ ಫೋನುಗಳಲ್ಲಿ ಮುಕ್ಕಾಲು ಪಾಲು ಒಂದೇ ಮಾತು. "ಮೇಡಂ, ಮಗನಿಗೆ ಇಂಟರ್‌ವ್ಯೂ ಕಾಲ್ ಬಂದಿದೆ. ಅಲ್ಲಿ ಕೇಳೋ ಪ್ರಶ್ನೆಗಳ ಪಟ್ಟಿ ಇದ್ರೆ ವಾಟ್ಸಾಪ್ ಮಾಡ್ತೀರಾ?" ಇಲ್ಲ, ಮಾಡಲ್ಲ. ಅಂಥ ಪಟ್ಟಿಗಳಿಗೇನೂ ಬರವಿಲ್ಲ, ಯಾವ ಜೆರಾಕ್ಸ್ ಅಂಗಡಿಯಲ್ಲಿ ಕೇಳಿದರೂ ಸಿಗುತ್ತವೆ. ಮಕ್ಕಳು ಅದನ್ನು ಹಗಲೂ ರಾತ್ರಿ ಉರು ಹೊಡೆಯುತ್ತಾರೆ. ಮೊದಲ ಪ್ರಶ್ನೆಗೆ ಟಕ್ ಅಂತ ಉತ್ತರ ಬರುತ್ತದೆ. ಎರಡನೆಯದಕ್ಕೆ ಬಾಯಿ ಕಟ್ಟುತ್ತದೆ.

ನಾನು ಶಿವಮೊಗ್ಗದಲ್ಲಿ ಡಿಗ್ರಿ ಮಕ್ಕಳಿಗೆ ಕೆಮಿಸ್ಟ್ರಿ ಪಾಠ ಮಾಡುವವಳು. ಸಿಇಟಿ, ನೀಟ್ ಕಡೆಯವರಿಗೆ ಈ ಲೇಖನ ಬೇಡ, ಅಲ್ಲಿ ಸಂದರ್ಶನವೇ ಇಲ್ಲ. ನಾನು ಹೇಳುತ್ತಿರುವುದು ಬಿಎಸ್ಸಿ ಮುಗಿಸಿ, ಜಾಮ್ ಅನ್ನುವ ಪ್ರವೇಶ ಪರೀಕ್ಷೆ ಬರೆದು ಬೆಂಗಳೂರಿನ ಐಐಎಸ್‌ಸಿಗೆ ಎಂಎಸ್ಸಿಯೂ ಸೇರಿರುವ ಇಂಟಿಗ್ರೇಟೆಡ್ ಪಿಎಚ್‌ಡಿಗೆ ಹೋಗುವವರಿಗೆ, ಎಂಎಸ್ಸಿ ಮುಗಿಸಿ ಪಿಎಚ್‌ಡಿಗೆ ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯಕ್ಕೋ ಮತ್ತೆಲ್ಲಿಗೋ ಅರ್ಜಿ ಹಾಕುವವರಿಗೆ. ಯುಜಿಸಿಯ 2022ರ ನಿಯಮದಲ್ಲಿ, ಪ್ರವೇಶ ಪರೀಕ್ಷೆ ಬರೆದು ಪಿಎಚ್‌ಡಿಗೆ ಸೇರುವವರಿಗೆ ಲಿಖಿತ ಪರೀಕ್ಷೆಗೆ 70, ಸಂದರ್ಶನಕ್ಕೆ 30 ಅಂತ ಹಂಚಿದ್ದಾರೆ. ಮೂವತ್ತು ಅಂದರೆ ಕಡಿಮೆಯೇನಲ್ಲ.

ಒಳಗೆ ಹೋದ ತಕ್ಷಣ ಸಾಮಾನ್ಯವಾಗಿ ಕೇಳುವುದು ಇಷ್ಟೇ: "ನಿಮಗೆ ಇಷ್ಟವಾದ ಟಾಪಿಕ್ ಯಾವುದು?" ಮುಂದಿನ ಪ್ರಶ್ನೆಗಳೆಲ್ಲ ನೀವು ಕೊಡುವ ಉತ್ತರದಿಂದಲೇ ಹುಟ್ಟುತ್ತವೆ. ಅಂದರೆ ಪ್ರಶ್ನೆಪತ್ರಿಕೆ ತೆಗೆಯುವ ಕೆಲಸವನ್ನು ಅರ್ಧ ನಿಮಗೇ ಕೊಟ್ಟಿದ್ದಾರೆ. ಇಷ್ಟು ಒಳ್ಳೆಯ ಅವಕಾಶ ಸಿಕ್ಕಾಗ ನಮ್ಮ ಮಕ್ಕಳು ಏನು ಹೇಳುತ್ತಾರೆ? "ಕ್ವಾಂಟಂ ಕೆಮಿಸ್ಟ್ರಿ", "ನ್ಯಾನೋ ಟೆಕ್ನಾಲಜಿ". ಕೇಳೋಕೆ ದೊಡ್ಡದಾಗಿರುತ್ತದೆ, ಅದಕ್ಕೇ.

ಕೆಲವು ವರ್ಷಗಳ ಹಿಂದೆ ತೀರ್ಥಹಳ್ಳಿ ಕಡೆಯ ಒಬ್ಬ ಹುಡುಗ ಅಭ್ಯಾಸ ಸಂದರ್ಶನಕ್ಕೆ ಬಂದಿದ್ದ. ಅವನದೂ ಕ್ವಾಂಟಂ. ಎರಡೇ ನಿಮಿಷಕ್ಕೆ ಬೆವರು ಒರೆಸಿಕೊಳ್ಳತೊಡಗಿದ. ಪಾಪ ಅನ್ನಿಸಿ ಮನೆ ಕಡೆ ವಿಚಾರಿಸಿದೆ. ಅಡಿಕೆ ತೋಟವಂತೆ. "ಕೊಳೆರೋಗಕ್ಕೆ ಔಷಧಿ ಹೊಡೆಸ್ತೀರಲ್ಲ, ಕಲಸೋರು ಯಾರು?"

"ನಾನೇ ಮೇಡಂ. ನೂರು ಲೀಟರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ."

"ಸುಣ್ಣ ಯಾಕೆ?"

"ಎಲ್ಲರೂ ಹಾಕ್ತಾರಲ್ಲ ಮೇಡಂ."

ಸುಣ್ಣ ಸಾಕಾಯಿತೋ ಇಲ್ಲವೋ ಹೇಗೆ ಗೊತ್ತಾಗುತ್ತೆ ಅಂದೆ. ಅದು ಅವನಿಗೆ ಚೆನ್ನಾಗಿಯೇ ಗೊತ್ತಿತ್ತು. ಕತ್ತಿ ಅದ್ದಿ ತೆಗೆಯುತ್ತಾರೆ, ಅಲಗಿನ ಮೇಲೆ ಕೆಂಪು ಕೂತರೆ ಸುಣ್ಣ ಇನ್ನೂ ಬೇಕು. ಆ ಕೆಂಪು ಏನು? ಗೊತ್ತಿಲ್ಲ. ಎಲೆಕ್ಟ್ರೋಕೆಮಿಕಲ್ ಸೀರೀಸ್ (ಯಾವ ಲೋಹ ಯಾವುದನ್ನು ದ್ರಾವಣದಿಂದ ಹೊರಗೆ ತಳ್ಳುತ್ತದೆ ಅನ್ನುವ ಪಟ್ಟಿ) ಹೇಳು ಅಂದರೆ ಲಿಥಿಯಂನಿಂದ ಚಿನ್ನದವರೆಗೆ ತಡವರಿಸದೆ ಒಪ್ಪಿಸುವ ಹುಡುಗ ಇವನೇ! ಮೈಲುತುತ್ತ ಅಂದರೆ ಕಾಪರ್ ಸಲ್ಫೇಟ್. ಕತ್ತಿಯ ಕಬ್ಬಿಣ ಕರಗಿ, ದ್ರಾವಣದಲ್ಲಿದ್ದ ತಾಮ್ರ ಹೊರಗೆ ಬಂದು ಕತ್ತಿಗೆ ಅಂಟುತ್ತದೆ. ಔಷಧಿಯನ್ನು ಕಬ್ಬಿಣದ ಬಕೆಟಿನಲ್ಲಿ ಕಲಸಬಾರದು ಅನ್ನುವುದೂ ಇದಕ್ಕೇ. ಮೈಲುತುತ್ತದ ನೀರು ಹುಳಿ, ಹಾಗೇ ಹೊಡೆದರೆ ಸೋಗೆ, ಕಾಯಿ ಸುಡುತ್ತವೆ. ಸುಣ್ಣ ಆ ಹುಳಿ ಮುರಿಯುತ್ತದೆ. ತಾಮ್ರವನ್ನು ಸುಲಭಕ್ಕೆ ಕರಗದ ರೂಪಕ್ಕೆ ತಂದು ಕಾಯಿಗೆ ಅಂಟಿಸುತ್ತದೆ. ಅಲ್ಲಿಂದ ತಾಮ್ರ ಚೂರುಚೂರೇ ಬಿಡುಗಡೆಯಾಗುತ್ತಾ ಮಳೆಯಲ್ಲೂ ಕೆಲಸ ಮಾಡುತ್ತದೆ. ಒಂದು ಕೆಜಿ ಮೈಲುತುತ್ತದಲ್ಲಿ ತಾಮ್ರ ಎಷ್ಟು ಅಂತ ಲೆಕ್ಕ ಹಾಕಿಸಿದೆ. ಸುಮಾರು 254 ಗ್ರಾಂ ಬಂತು. ಅವನಿಗೇ ಆಶ್ಚರ್ಯ, ಉಳಿದದ್ದೆಲ್ಲ ಏನು ಮೇಡಂ ಅಂದ. ನೋಡಿ, ಆಗ ಪ್ರಶ್ನೆ ಕೇಳುತ್ತಿದ್ದವನು ಅವನು.

ಈ ಕತೆಯನ್ನು ಕ್ಲಾಸಿನಲ್ಲಿ ಹೇಳಿದ್ದಕ್ಕೆ ಮರುವರ್ಷ ಏನಾಯಿತು ಗೊತ್ತಾ? ಬಂದವರೆಲ್ಲ ಬೋರ್ಡೋ ದ್ರಾವಣ (ಮೈಲುತುತ್ತ, ಸುಣ್ಣ ಕಲಸಿದ ಆ ಔಷಧಿಯ ಹೆಸರು) ಉರು ಹೊಡೆದು ಬಂದರು. ತೋಟದ ಮುಖವನ್ನೇ ನೋಡದವರೂ ಕತ್ತಿ, ಕೆಂಪು ಅಂತ ಶುರು ಮಾಡಿದರು. "ಮೈಲುತುತ್ತ ನೀಲಿ, ಕಾಯಿಸಿದರೆ ಬಿಳಿಯಾಗುತ್ತಲ್ಲ, ಯಾಕೆ?" ಅಂದೆ. ಎಲ್ಲರೂ ಗಪ್‌ಚುಪ್. ನಾನು ಹೇಳಿದ್ದು ಬೋರ್ಡೋ ಬಗ್ಗೆ ಅಲ್ಲ ಮಾರಾಯ್ರೇ.

ಇದನ್ನೇ ಇನ್ನೊಂದು ಸಲ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಷ್ಟು ಹೇಳಿದರೂ ತಪ್ಪಾಗಿ ಅರ್ಥವಾಗುವುದು ಇದೇ. ಮೊದಲ ಪ್ರಶ್ನೆ ನೀವು ಓದಿದ್ದೀರಾ ಅಂತ ನೋಡಲು. ಎರಡನೆಯದು ಓದಿದ್ದರ ಜೊತೆ ನೀವು ಏನು ಮಾಡಬಲ್ಲಿರಿ ಅಂತ ನೋಡಲು. ಪಟ್ಟಿಯಲ್ಲಿ ಇರುವುದೆಲ್ಲ ಮೊದಲ ಪ್ರಶ್ನೆಗಳೇ. ಎರಡನೆಯದನ್ನು ಯಾರೂ ಅಚ್ಚು ಹಾಕಿಸಲು ಆಗಲ್ಲ, ಅದು ನಿಮ್ಮ ಉತ್ತರ ಕೇಳಿದ ಮೇಲೆ ಅವರ ತಲೆಯಲ್ಲಿ ಹುಟ್ಟುವಂಥದ್ದು. ಹಾಗಾಗಿ ಹತ್ತು ಟಾಪಿಕ್ ಮೇಲೆ ಮೇಲೆ ಓದುವ ಬದಲು ಎರಡನ್ನು ಬುಡದ ತನಕ ಓದಿ. ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಉತ್ತರ ಬರೆದು, ಅದರ ಕೆಳಗೆ "ಯಾಕೆ?", "ಅದು ಹೇಗೆ ಗೊತ್ತಾಯಿತು?", "ಹಾಗಾಗದೇ ಇದ್ದರೆ?" ಅಂತ ನೀವೇ ಕೇಳಿಕೊಳ್ಳಿ. ಮೂರು ಮೆಟ್ಟಿಲು ಇಳಿದರೆ ಸಾಕು. ನಾಲ್ಕನೆಯದರಲ್ಲಿ ನನಗೂ ಕಷ್ಟ.

ಬಾಟನಿ ಮಕ್ಕಳಿಗೂ ಇದೇ. ಕೊಳೆರೋಗ ಬರುವುದು ಶಿಲೀಂಧ್ರದಿಂದ ಅಂತ ಹೇಳಿ ಕೂತರೆ, ಆ ರೋಗ ತರುವ ಫೈಟಾಫ್ಥೊರಾದ ಕೋಶಭಿತ್ತಿ ಯಾವುದರದ್ದು ಅಂತ ಬರುತ್ತದೆ. ಮುಖ್ಯವಾಗಿ ಸೆಲ್ಯುಲೋಸ್, ಶಿಲೀಂಧ್ರಗಳಲ್ಲಿರುವ ಕೈಟಿನ್ ಅಲ್ಲ. ಅದು ನಿಜವಾದ ಶಿಲೀಂಧ್ರವೇ ಅಲ್ಲ. ಹಾಗಾದರೆ ಕೈಟಿನ್ ಆಗದಂತೆ ತಡೆಯುವ ಔಷಧಿ ಹೊಡೆದರೆ ಪ್ರಯೋಜನ ಇದೆಯಾ? ಇದು ಎರಡನೇ ಪ್ರಶ್ನೆ.

ಪ್ರಾಜೆಕ್ಟ್ ಮಾಡಿದವರಂತೂ ಹುಷಾರು. ತುಂಗೆಯ ನೀರಿನ ಗಡಸುತನ ಅಂತ ಪ್ರಾಜೆಕ್ಟ್ ಮಾಡಿರುತ್ತಾರೆ, ಟೇಬಲ್ಲು, ಗ್ರಾಫು ಎಲ್ಲ ಚೆಂದ. ಗಡಸುತನ ತರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಹಿಡಿದು ಅಳೆಯುವ ಇಡಿಟಿಎ ಟೈಟ್ರೇಶನ್ನಿಗೆ ಪಿಎಚ್ 10 ಯಾಕೆ ಬೇಕು ಅಂದರೆ "ಪ್ರೊಸೀಜರಿನಲ್ಲಿ ಹಾಗೇ ಇತ್ತು" ಅನ್ನುತ್ತಾರೆ. ಕೆಳಗಿಳಿದರೆ ಇಡಿಟಿಎ ಹಿಡಿತ ಸಡಿಲ, ತುಂಬಾ ಮೇಲೆ ಹೋದರೆ ಮೆಗ್ನೀಸಿಯಂ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ. ಕೆಂಪು ಹೋಗಿ ನೀಲಿ ಬರುವುದನ್ನು ಅಷ್ಟೊಂದು ಸಲ ನೋಡಿದವರು ಇಷ್ಟನ್ನು ಕೇಳಿಕೊಳ್ಳಬೇಡವೇ?

"ಗೊತ್ತಿಲ್ಲ" ಅನ್ನಬಹುದಾ ಅಂತ ಕೇಳುತ್ತಾರೆ. ಇಸವಿ, ಹೆಸರು, ಸ್ಥಿರಾಂಕ ನೆನಪಿಲ್ಲದಿದ್ದರೆ ಧಾರಾಳವಾಗಿ ಅನ್ನಿ. ಯೋಚಿಸಿದರೆ ಸಿಗುವಂಥದ್ದಕ್ಕೆ ಮಾತ್ರ ಅಲ್ಲಿಗೇ ನಿಲ್ಲಿಸಬೇಡಿ. ಸಾಗರದ ಒಬ್ಬ ಹುಡುಗಿಗೆ ನಮ್ಮ ಫಿಸಿಕ್ಸ್ ಮೇಷ್ಟ್ರು ಕೇಳಿದರು, ಜೋಗದಲ್ಲಿ ಮೇಲಿನ ನೀರಿಗಿಂತ ಕೆಳಗಿನ ನೀರು ಎಷ್ಟು ಬಿಸಿ ಇರಬಹುದು ಅಂತ. "ಮೇ ತಿಂಗಳಲ್ಲಿ ಜೋಗದಲ್ಲಿ ನೀರೆಲ್ಲಿದೆ ಸರ್, ಲಿಂಗನಮಕ್ಕಿ ಡ್ಯಾಮಿನಲ್ಲಿದೆ" ಅಂದಳು. ಎಲ್ಲರೂ ನಕ್ಕೆವು. ಆಮೇಲೆ ಬೋರ್ಡಿನ ಮುಂದೆ ನಿಂತು, ತನಗೆ ತಾನೇ ಮಾತಾಡಿಕೊಳ್ಳುತ್ತಾ ಬರೆದಳು. ಎತ್ತರ 253 ಮೀಟರ್. ಒಂದು ಕೆಜಿ ನೀರು ಅಷ್ಟು ಬಿದ್ದರೆ ಸುಮಾರು 2,480 ಜೂಲ್. ಒಂದು ಕೆಜಿ ನೀರು ಒಂದು ಡಿಗ್ರಿ ಬಿಸಿಯಾಗಲು ಸುಮಾರು 4,190 ಜೂಲ್ ಬೇಕು. ಅಂದರೆ 0.6 ಡಿಗ್ರಿ. "ಥರ್ಮಾಮೀಟರ್ ಇಟ್ಟರೆ ಅಷ್ಟೇ ತೋರಿಸುತ್ತಾ?" ಅಂದರು ಮೇಷ್ಟ್ರು. ತುಂತುರು ಆವಿಯಾಗುವಾಗ ನೀರು ತಣ್ಣಗಾಗುತ್ತೆ, ಗಾಳಿಯ ಬಿಸಿಯೂ ಲೆಕ್ಕಕ್ಕೆ ಬರುತ್ತೆ, ಹಾಗಾಗಿ ತೋರಿಸಲಿಕ್ಕಿಲ್ಲ ಅಂದಳು. ಎಷ್ಟು ವ್ಯತ್ಯಾಸ ಆಗುತ್ತೆ ಅಂತ ಹೇಳಲು ಅವಳಿಗೆ ಆಗಲಿಲ್ಲ, ಯಾರೂ ಅದನ್ನು ನಿರೀಕ್ಷಿಸಿಯೂ ಇರಲಿಲ್ಲ. ಯೋಚನೆ ಹೊರಗೆ ಕೇಳಿಸಿತು, ಅಷ್ಟು ಸಾಕಿತ್ತು.

ನಮ್ಮ ಮಲೆನಾಡಿನ ಮಕ್ಕಳಿಗೆ ಇದೇ ಕಷ್ಟ. ದೊಡ್ಡವರ ಮುಂದೆ ಜಾಸ್ತಿ ಮಾತಾಡಬಾರದು ಅಂತ ಬೆಳೆಸಿರುತ್ತೇವೆ. ಒಳಗೆ ಅರ್ಧ ಉತ್ತರ ಇರುತ್ತದೆ, ಪೂರ್ತಿ ಆಗದೆ ಬಾಯಿ ಬಿಡಲ್ಲ. ಎದುರಿಗಿದ್ದವರಿಗೆ ಸುಮ್ನೆ ಕೂತ ಹುಡುಗ ಕಾಣುತ್ತಾನೆಯೇ ಹೊರತು ಯೋಚಿಸುತ್ತಿರುವ ಹುಡುಗ ಕಾಣಲ್ಲ. ಅರ್ಧವನ್ನೇ ಹೇಳಿ. ತಪ್ಪಿದರೆ ಅವರೇ ತಡೆಯುತ್ತಾರೆ. ಎಷ್ಟೋ ಸಲ ಸುಳಿವನ್ನೂ ಕೊಡುತ್ತಾರೆ, ಆಗ ಹಳೇ ಉತ್ತರಕ್ಕೇ ಜೋತುಬೀಳಬೇಡಿ.

ಇಂಗ್ಲಿಷಿನ ಭಯ ಬೇರೆ. ಇಂಗ್ಲಿಷ್ ಸರಿಯಿಲ್ಲದಿದ್ದರೂ ತೊಂದರೆ ಇಲ್ಲ ಅಂತ ನಾನು ಖಾತ್ರಿ ಕೊಡಲಾರೆ, ಒಂದೊಂದು ಕಡೆ ಒಂದೊಂದು ಥರ. ಮಾತು ಸಿಗದಿದ್ದರೆ ಚಿತ್ರ ಬರೀಲಾ ಅಂತ ಕೇಳಿ, ಸಮೀಕರಣ ಬರೆಯಿರಿ. ವ್ಯಾಕರಣ ತಪ್ಪಿದ್ದಕ್ಕೆ ಮಾತ್ರ ನನ್ನ ವಿದ್ಯಾರ್ಥಿಗಳನ್ನು ಬಿಟ್ಟದ್ದು ನಾನಂತೂ ಕೇಳಿಲ್ಲ. ಗಣಿತದವರ ಸಂದರ್ಶನದ ರೀತಿ ಬೇರೆ, ಅದನ್ನು ಗಣಿತದವರನ್ನೇ ಕೇಳಿ.

ಬಟ್ಟೆ, ಫೈಲು, ಫೋಟೋ ಬಗ್ಗೆ ಕಾಲ್ ಲೆಟರಿನಲ್ಲೇ ಇರುತ್ತದೆ, ಓದಿಕೊಳ್ಳಿ. ರಾತ್ರಿ ಬಸ್ಸಿನಲ್ಲಿ ನಿದ್ದೆಗೆಟ್ಟು ಹೋಗಿ ಬೆಳಿಗ್ಗೆ ಹತ್ತಕ್ಕೆ ಒಳಗೆ ಕೂರಬೇಡಿ, ಆಗುವುದಾದರೆ ಒಂದು ದಿನ ಮೊದಲೇ ಬೆಂಗಳೂರು ಸೇರಿ. ಅಪ್ಪ ಅಮ್ಮಂದಿರಲ್ಲಿ ಒಂದು ಕೋರಿಕೆ: ಪಟ್ಟಿ ಹುಡುಕುವ ಬದಲು ಊಟಕ್ಕೆ ಕೂತಾಗ ಮಗಳನ್ನು "ಅದು ಯಾಕೆ ಹಾಗೆ?" ಅಂತ ಕೇಳಿ. ನಿಮಗೆ ಕೆಮಿಸ್ಟ್ರಿ ಬರಬೇಕಾಗಿಲ್ಲ. ನಿಮಗೆ ಅರ್ಥವಾಗುವ ತನಕ ಅವಳು ಹೇಳಲಿ.